ಬಚ್ಚಲಿಗೆ ಬೆಂಕಿ ಹಾಕುವ ಮೊದಲೇ ಹೊದಿಸಿದ ಶಾಲು

ರಜೆಗೆ ಬಂದಾಗಲೆಲ್ಲ ನೀವು ಒಂದು ಮಾತು ಕೇಳುತ್ತೀರಿ. ಬಚ್ಚಲುಮನೆಯ ಹೊರಗೋಡೆಯ ಮೇಲೆ ಮಾತ್ರ ಯಾಕಜ್ಜಿ ತೇಪೆ ಹಾಕಿದ ಹಾಗೆ ಸಿಮೆಂಟು ಬೇರೆ ಬಣ್ಣ ಇದೆ ಎಂದು. "ರಿಪೇರಿ ಮಾಡಿಸಿದ್ದು" ಎಂದು ಹೇಳಿ ನಾನು ಒಳಗೆ ಹೋಗಿಬಿಡುತ್ತೇನೆ. ನಾಲ್ಕು ಜನರೆದುರು ಕೂತು ಮಾತಾಡುವುದು ನನಗೆ ಮೊದಲಿನಿಂದಲೂ ಬಾರದು. ಮೊಮ್ಮಕ್ಕಳೆದುರೂ ಬಾರದು. ಕಟ್ಟಾಯದ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತವಳು, ಬರೆದರೆ ಬರೆದೇನು. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ಬದುಕೆಲ್ಲ ಬಸ್ಸು ಓಡಿಸಿದವರು. ರಾತ್ರಿ ಯಾವ ಊರಲ್ಲಿ ಗಾಡಿ ನಿಲ್ಲುತ್ತಿತ್ತೋ ಆ ಊರಿನ ನಲ್ಲಿಯಲ್ಲಿ ಬೆಳಿಗ್ಗೆ ಸ್ನಾನ. ಚನ್ನರಾಯಪಟ್ಟಣದಲ್ಲಿ ಮಾಗಿ ಚಳಿಗೆ ತಲೆ ಮೇಲೆ ತಣ್ಣೀರು ಸುರಿದುಕೊಂಡರೆ ಹಲ್ಲು ಕಟಕಟ ಎನ್ನುತ್ತಿತ್ತೆಂದು ಹೇಳುತ್ತಿದ್ದರು. ರಿಟೈರ್ ಆಗಿ ಹಾಸನದ ಹೊರಗೆ ಹೊಸ ಬಡಾವಣೆಯಲ್ಲಿ ಮನೆ ಕೊಳ್ಳುವಾಗ ಅವರು ಕೇಳಿದ್ದು ಒಂದೇ. "ಮಹಡಿ ಮೇಲೆ ಮಹಡಿ ಬ್ಯಾಡ ಕಣಪ್ಪ. ಬಚ್ಚಲಲ್ಲಿ ತಾಮ್ರದ ಬಾಯ್ಲರ್ ಕೂರ್ಸು. ಯಾವಾಗ ನಲ್ಲಿ ತಿರುವಿದ್ರೂ ಕೈ ಸುಡೋ ನೀರು ಬರ್ಬೇಕು."

ಈ ಮಾತು ಹೇಳಿದ್ದು ಮನೆ ಕಟ್ಟಿ ಮಾರುತ್ತಿದ್ದ ಕಂಟ್ರಾಕ್ಟರಿಗೆ. ಹೊಳೆನರಸೀಪುರದ ಕಡೆಯವನು. ತಾತನ ಊರು ಮಲ್ಲಿಪಟ್ಟಣದಿಂದ ಹೆಣ್ಣು ತಂದಿದ್ದ. ಆ ಲೆಕ್ಕಕ್ಕೆ ತಾತನನ್ನು ಭಾವ ಎನ್ನುತ್ತಿದ್ದ, ನನ್ನನ್ನು ಅಕ್ಕ ಎನ್ನುತ್ತಿದ್ದ. ನಮ್ಮವನೇ ಎಂಬ ಒಂದು ಮಾತಿನ ಮೇಲೆ ನಾವು ಬೇರೆ ಯಾರ ಮನೆಯನ್ನೂ ನೋಡಲು ಹೋಗಲಿಲ್ಲ.

ಗೃಹಪ್ರವೇಶಕ್ಕೆ ಅವಸರ ಮಾಡಿದವನೂ ಅವನೇ. "ಆಷಾಢ ಬಂದ್ಬುಟ್ರೆ ಆಮೇಲೆ ಶ್ರಾವಣಕ್ಕೇ ಭಾವ. ಸಣ್ಣಪುಟ್ಟದು ಆಮೇಲೆ ಮಾಡ್ಕೊಡ್ತೀನಿ, ನಾನೆಲ್ಲಿಗ್ ಓಯ್ತೀನಿ?" ಎಂದ. ಬಾಯ್ಲರ್ ತಂದು ಕೂರಿಸಿದ್ದ. ಅದರ ಹೊಗೆ ಹೋಗುವ ಪೈಪು ಮಾತ್ರ ಬಂದಿರಲಿಲ್ಲ. ಪೈಪಿಗೆಂದು ಗೋಡೆಯಲ್ಲಿ ಕೊರೆದ ತೂತಿಗೆ ಸಿಮೆಂಟಿನ ಖಾಲಿ ಚೀಲ ತುರುಕಿದ್ದ. ಆ ದಿನ ಅಡುಗೆಮನೆಯಲ್ಲಿ ಹಾಲು ಉಕ್ಕಿತು. ಉಕ್ಕಿ ಪೂರ್ವಕ್ಕೆ ಚೆಲ್ಲಿತೆಂದು ಎಲ್ಲರಿಗೂ ಖುಷಿ. ಊಟಕ್ಕೆ ಮುಂಚೆ, ನಮ್ಮಲ್ಲಿ ಎಲ್ಲರೂ ಮಾಡುವ ಹಾಗೆ, ತಾತ ಮನೆ ಕಟ್ಟಿದವನನ್ನು ಕರೆದು ಪೇಟ ಇಟ್ಟು, ಶಾಲು ಹೊದಿಸಿ, ಪಂಚೆ, ಹಣ್ಣುಕಾಯಿ ಕೊಟ್ಟರು. ಶಾಮಿಯಾನ ಮನೆಯ ಪಕ್ಕದ ಓಣಿಯಲ್ಲಿತ್ತು. ಎಲ್ಲರೂ ಫೋಟೋದಲ್ಲಿ ಬರಲಿ ಎಂದು, ಬಚ್ಚಲ ಗೋಡೆಯ ಪಕ್ಕ ತಾರಸಿಗೆ ಹತ್ತುವ ಹೊರಗಿನ ಮೆಟ್ಟಿಲ ಮೇಲೆ ಸಾಲಾಗಿ ನಿಂತೆವು. ನಾನು ಹಿಂದಿನ ಸಾಲಿನಲ್ಲಿ, ಸೆರಗು ತಲೆಯ ಮೇಲೆಳೆದುಕೊಂಡು.

ಆಮೇಲೆ ಪೈಪು ಇವತ್ತು ಬರುತ್ತದೆ, ನಾಳೆ ಬರುತ್ತದೆ. ಶ್ರಾವಣ ಕಳೆಯಿತು, ಗೌರಿ ಹಬ್ಬ ಕಳೆಯಿತು, ಪಿತೃಪಕ್ಷ ಕಳೆಯಿತು. ನಾನು ಗ್ಯಾಸಿನ ಮೇಲೆ ಪಾತ್ರೆಯಲ್ಲಿ ನೀರು ಕಾಯಿಸಿ ಬಚ್ಚಲಿಗೆ ಹೊರುತ್ತಿದ್ದೆ. ತಾತ ಫೋನು ಮಾಡಿದರೆ ಆ ಕಡೆಯಿಂದ ನಗು. "ಏನ್ ಭಾವ, ಇಷ್ಟು ದಿನ ತಣ್ಣೀರಲ್ಲಿ ಮಿಂದೋರು ಈಗ ಮದ್ವೆಗಂಡಿನಂಗೆ ಆಡ್ತೀರಲ್ಲ!" ಕಡೆಗೆ ದೀಪಾವಳಿ ವಾರದಲ್ಲಿ ಇಬ್ಬರು ಬಂದು ಪೈಪು ಸಿಕ್ಕಿಸಿ ಹೋದರು. ಅದು ಗೋಡೆಯಿಂದ ಹೊರಬಂದು, ಒಂದು ಮೊಳ ಮೇಲೆ ಹೋಗಿ, ಹೊರಗಿನ ಮೆಟ್ಟಿಲ ಕೆಳಗೇ ಮುಗಿದಿತ್ತು. ಪಕ್ಕದಲ್ಲೇ ಬಚ್ಚಲಿನ ಗವಾಕ್ಷಿ. ಬೆಂಕಿ ಹಾಕುವ ಒಲೆಯ ಬಾಯಿಯೂ ಬಚ್ಚಲ ಒಳಗೇ ಇತ್ತು. ಹಳ್ಳಿಯಲ್ಲಿ ಹಂಡೆಯ ಒಲೆಗೆ ಹಿತ್ತಲ ಕಡೆಯಿಂದ ಸೌದೆ ತುಂಬುವುದನ್ನೇ ಕಂಡಿದ್ದ ನನಗೆ ಅದು ಸರಿ ಕಾಣಲಿಲ್ಲ. ಕೇಳಿದರೆ, "ಇದು ಸಿಟಿ ಮಾಡೆಲ್ಲು ಕಣಮ್ಮ" ಎಂದರು.

ನೀರು ತುಂಬುವ ಹಬ್ಬಕ್ಕೆ ನೀವೂ ಬಂದಿದ್ದಿರಿ, ಸಣ್ಣವರು. ಬಾಯ್ಲರಿಗೆ ಸುಣ್ಣದ ಪಟ್ಟೆ ಎಳೆದು, ಕಹಿ ಹಿಂಡ್ಲೆಕಾಯಿಯ ಬಳ್ಳಿಯನ್ನು ಅದರ ಕೊರಳಿಗೆ ಕಟ್ಟಿ, ನೀರು ತುಂಬಿಸಿ ಪೂಜೆ ಮಾಡಿದೆವು. ಬೆಳಗಿನ ಜಾವ ಒಣಗಿದ ತೆಂಗಿನ ಗರಿ, ಕರಟ ಹಾಕಿ ಹಚ್ಚಿದೆ. ಆ ಒಲೆಗೆ ಅದೇ ಮೊದಲ ಬೆಂಕಿ. ತಾತನ ಮೈಗೆ ನಿಮ್ಮಮ್ಮ ಎಣ್ಣೆ ಹಚ್ಚಿದಳು. ಅವರು ಹೊಸ ಟವೆಲು ಹೆಗಲಿಗೆ ಹಾಕಿಕೊಂಡು, "ಲೇ, ಯಾರೂ ಬಾಗಿಲು ಬಡೀಬ್ಯಾಡಿ. ಮೂವತ್ತೊರ್ಷದ ಚಳಿ ಬಿಡಿಸ್ಕೊಂಡೇ ಬರೋದು ನಾನು" ಎಂದು ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಿಂದ ಹೊಗೆ ಬರತೊಡಗಿತು. ಚೊಂಬು ಬಿದ್ದ ಸದ್ದು. ಕೂಗಿದರೆ ಉತ್ತರವಿಲ್ಲ. ನಿಮ್ಮಪ್ಪ ಹೆಗಲು ಕೊಟ್ಟು ಚಿಲಕ ಮುರಿದರು. ಒಳಗೆ ಕೈ ಚಾಚಿದರೆ ಕೈ ಕಾಣದಷ್ಟು ಹೊಗೆ. ತಾತ ಗೋಡೆಗೆ ಒರಗಿ ಕೆಳಗೆ ಬಿದ್ದಿದ್ದರು. ಎಳೆಯೋಣವೆಂದರೆ ಎಣ್ಣೆಯ ಮೈ, ಹಿಡಿದ ಕೈ ಜಾರುತ್ತದೆ. ಕಂಕುಳಿಗೆ ಟವೆಲು ಸುತ್ತಿ ಎಳೆದೆವು. ನನ್ನ ಕೈಗೆ ಆ ಜಾರಿಕೆ ಈಗಲೂ ನೆನಪಿದೆ.

ಜೀವ ಉಳಿಯಿತು. ಆಸ್ಪತ್ರೆಯಿಂದ ಬಂದವರಿಗೆ ಉಸಿರು ಮಾತ್ರ ಮೊದಲಿನ ಹಾಗೆ ಆಗಲಿಲ್ಲ. ಮೊದಲೂ ಸ್ವಲ್ಪ ದಮ್ಮಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆ ಮೊದಲು ಅವರು ಬಾಗಿಲಿನಿಂದ ಗೇಟಿಗೆ ಹೋಗಲು ನಡುವೆ ಕೂರುತ್ತಿರಲಿಲ್ಲ.

ಕಂಟ್ರಾಕ್ಟರು ನೋಡಲು ಬಂದ. ಹಣ್ಣು ತಂದಿದ್ದ. ತಾತ ಮಲಗಿದ್ದರು, ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ.

"ಅಸಿ ಸೌದೆ ಆಕಿದ್ದೀರಿ ಕಣಕ್ಕ, ಅದ್ಕೇ ಅಂಗಾಗೈತೆ."

"ಗರಿ ಒಣಗಿ ಕಡ್ಡಿ ಆಗಿತ್ತಪ್ಪ. ಪೈಪನ್ನ ಮೆಟ್ಲು ಮೇಲಕ್ಕೆ ತೆಗಿಸ್ಕೊಡು. ಒಲೆ ಬಾಯಿ ಆಚೆಗಿಡ್ಸು. ಬೇರೇನೂ ಕೇಳಲ್ಲ."

"ಒಕ್ಲಾಗಿ ಎಷ್ಟು ದಿನ ಆಯ್ತಕ್ಕ? ಆಲುಕ್ಕಿಸಿದ್ಮೇಲೆ ಮನೆ ನಿಮ್ದು, ಮನೆ ಒಗೇನೂ ನಿಮ್ದು!" ಎಂದು ತನ್ನ ಮಾತಿಗೆ ತಾನೇ ನಕ್ಕ. "ಶಾಲು ಒದ್ಸಿ ಕಳಿಸಿದ್ರಲ್ಲ, ಅವತ್ತು ಯಾಕೆ ಏಳ್ಲಿಲ್ಲ?"

ತಾತ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡಿದ್ದರು. ಅವನು ಹೋದ ಮೇಲೆ, "ಆ ಹಣ್ಣನ್ನ ಬೀದಿ ಹಸೂಗೆ ಹಾಕು" ಎಂದರು.

ಅರಕಲಗೂಡಿನಲ್ಲಿ ಪಾಠ ಹೇಳುವ ನಿಮ್ಮಮ್ಮ ನಾಲ್ಕು ಕಡೆ ವಿಚಾರಿಸಿಕೊಂಡು ಬಂದಳು. ಹಾಸನದ ಲಾಯರೊಬ್ಬರಲ್ಲಿಗೆ ತಾತನನ್ನು ಆಟೋದಲ್ಲಿ ಕರೆದುಕೊಂಡು ಹೋದೆವು. ಅವರು ನನಗೂ ಅರ್ಥವಾಗುವ ಹಾಗೆ ಹೇಳಿದರು. ಮನೆ ಕಟ್ಟಿ ಮಾರಿದವನ ಜವಾಬ್ದಾರಿ ಬೀಗದ ಕೈ ಕೊಟ್ಟ ದಿನಕ್ಕೆ ಮುಗಿಯುವುದಿಲ್ಲ. ಕೆಲಸ ಕೆಟ್ಟದಾಗಿದ್ದರೆ ಸರಿ ಮಾಡಿಕೊಡಿ ಎಂದು ಬರೆದು ಕೇಳುವ ಹಕ್ಕು ಕೊಂಡವರಿಗಿದೆ. ಮಾಡದಿದ್ದರೆ ಗ್ರಾಹಕರ ಕೋರ್ಟಿದೆ. ಪೂಜೆಯಾಗಿದೆ, ಒಳಗೆ ವಾಸವಿದ್ದಾರೆ ಎಂದರೆ ಆ ಹಕ್ಕು ಹೋಗುವುದಿಲ್ಲ. ನೋಟೀಸು ಕಳಿಸಿದೆವು, ಅವನು ಉತ್ತರ ಕೊಡಲಿಲ್ಲ. ಕೇಸಾಯಿತು.

ಕೇಸಾದ ಮೇಲೆ ಮಲ್ಲಿಪಟ್ಟಣದಿಂದ ಹಿರಿಯರು ಬಂದರು. ಮನೆ ಬಿದ್ದಿಲ್ಲ, ಗೋಡೆ ಬಿರುಕು ಬಿಟ್ಟಿಲ್ಲ, ಒಂದು ಪೈಪಿಗೆ ನಮ್ಮೋರ ಮೇಲೆ ಕೇಸಾ ಎಂದರು. ಕಾಫಿ ಕುಡಿದು, ತಾತ ಕೆಮ್ಮುವುದನ್ನು ನೋಡುತ್ತಾ ಕೂತು, ಮತ್ತೆ ಅದನ್ನೇ ಹೇಳಿದರು. ತಾತ ಉಸಿರು ಎಳೆದೆಳೆದು ಒಂದೇ ಮಾತು ಕೇಳಿದರು. "ಅದೇ ಪೈಪನ್ನ ಅವನ ಕೈಲಿ ಹಾಕ್ಸಿಕೊಡ್ರಪ್ಪ, ನಾಳೇನೇ ಕೇಸು ತೆಗೀತೀನಿ." ಹಿರಿಯರು ಹೋಗಿ ಹೇಳಿದರೋ ಇಲ್ಲವೋ ತಿಳಿಯದು. ಪೈಪು ಹಾಕಲು ಯಾರೂ ಬರಲಿಲ್ಲ.

ಮುಂದಿನ ಮಳೆಗಾಲದಲ್ಲಿ ತಾತ ಹೋದರು. ಹೋಗುವವರೆಗೂ ಅವರಿಗೆ ನಾನು ಗ್ಯಾಸಿನ ಮೇಲೆ ಕಾಯಿಸಿದ ನೀರಿನಲ್ಲಿ ಮೈ ಒರೆಸುತ್ತಿದ್ದೆ. ಎದುರಿಗೇ ತಾಮ್ರದ ಬಾಯ್ಲರ್, ತಣ್ಣಗೆ ಕೂತಿತ್ತು.

ತಿಥಿಗೆ ಕಂಟ್ರಾಕ್ಟರೂ ಬಂದ. ಬಂದವನನ್ನು ಹೋಗು ಎನ್ನುವ ಹಾಗಿಲ್ಲ. ಪಂಕ್ತಿಯಲ್ಲಿ ಕೂತು ಉಂಡ. ಕೈ ತೊಳೆದುಕೊಂಡು ನನ್ನ ಹತ್ತಿರ ಬಂದು ದನಿ ತಗ್ಗಿಸಿ, "ಭಾವನೇ ಓದ್ಮೇಲೆ ಇನ್ಯಾಕಕ್ಕ ಕೇಸು? ಬಿಸಿನೀರು ಬೇಕಾಗಿದ್ದುದು ಅವರ್ಗಲ್ವಾ?" ಎಂದ.

ಬಳೆ ತೆಗೆದ ಕೈ ನನಗೇ ಅಪರಿಚಿತವಾಗಿತ್ತು. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಆದರೂ ಬಾಯಿಂದ ಮಾತು ಬಂತು. "ನಾನೂ ಸ್ನಾನ ಮಾಡ್ಬೇಕಲ್ಲಪ್ಪ."

ಅಷ್ಟೂ ದಿನ, ನಮ್ಮ ಮನೆಯವರೂ ಸೇರಿ ಎಲ್ಲರೂ, ಅದು ತಾತನ ಬಾಯ್ಲರ್ ಎಂದೇ ಅಂದುಕೊಂಡಿದ್ದರು. ನೀರು ಹೊರುವವಳು ನಾನು.

ಕೋರ್ಟೆಂದರೆ ಕಟಕಟೆ ಇರುತ್ತದೆ ಎಂದುಕೊಂಡಿದ್ದೆ. ಅಲ್ಲಿ ಮೇಜು, ಕುರ್ಚಿ, ಮೇಲೆ ಫ್ಯಾನು. ನ್ಯಾಯ ಹೇಳುವವರಲ್ಲಿ ಒಬ್ಬರು ಹೆಂಗಸು. ಕಂಟ್ರಾಕ್ಟರ ಕಡೆಯ ಲಾಯರು ಒಂದು ಫೋಟೋ ಕೊಟ್ಟರು. ಗೃಹಪ್ರವೇಶದ ಫೋಟೋ. ಪೇಟ, ಶಾಲು ಹೊದ್ದು ಹಲ್ಲು ಬಿಟ್ಟು ನಿಂತ ಕಂಟ್ರಾಕ್ಟರು, ಅವನ ಭುಜದ ಮೇಲೆ ತಾತನ ಕೈ. ಮನೆ ಪೂರ್ತಿಯಾಗಿ, ಬಾಯ್ಲರ್ ಸಮೇತ ಸುಸ್ಥಿತಿಯಲ್ಲಿತ್ತು, ಕೊಂಡವರು ಸಂತೋಷಪಟ್ಟು ಸನ್ಮಾನ ಮಾಡಿದ್ದಾರೆ, ಆಮೇಲೆ ಹಸಿ ಸೌದೆ ಉರಿಸಿ ಕೆಡಿಸಿಕೊಂಡಿದ್ದಾರೆ ಎಂದು ವಾದ ಮಾಡಿದರು.

ನಮ್ಮ ಲಾಯರ ಮುಖ ಸಣ್ಣದಾಯಿತು. ಫೋಟೋ ನನ್ನ ಕೈಗೆ ಬಂತು. ನಾನು ಮೊದಲು ನೋಡಿದ್ದು ತಾತನನ್ನು. ಎಷ್ಟು ದಪ್ಪಗಿದ್ದರು! ಕಣ್ಣು ಮಂಜಾಗಿ ಪಕ್ಕಕ್ಕೆ ತಿರುಗಿಸಿದಾಗ, ಹಿಂದಿನ ಸಾಲಿನಲ್ಲಿ ನನ್ನ ಸೆರಗು ಕಂಡಿತು. ಅದರ ಪಕ್ಕದಲ್ಲಿ ಬಚ್ಚಲಿನ ಗೋಡೆ.

"ಸನ್ಮಾನ ಮಾಡಿದ್ದು ನಿಜವಾ ಅಮ್ಮ?" ಎಂದು ಆ ಹೆಂಗಸು ಕೇಳಿದರು.

"ನಿಜ ಕಣವ್ವ" ಎಂದೆ. ಮೇಡಂ ಎನ್ನಬೇಕಿತ್ತು, ಬಾಯಿಗೆ ಬರಲಿಲ್ಲ. "ಶಾಲು ಎಲ್ರೂ ಹೊದಿಸ್ತಾರೆ, ಪದ್ಧತಿ. ಬಚ್ಚಲಿಗೆ ಅವತ್ತು ಬೆಂಕಿ ಹಾಕಿರ್ಲಿಲ್ಲ."

"ಯಾಕೆ ಹಾಕಿರಲಿಲ್ಲ?"

"ಪೈಪೇ ಇರ್ಲಿಲ್ಲ. ಇಲ್ಲೇ ಕಾಣ್ತದೆ, ನೋಡಿ."

ಅವರು ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದರು. ಶಾಲಿನ ಹಿಂದೆ ಗೋಡೆಯ ತೂತು, ತೂತಿನಲ್ಲಿ ತುರುಕಿದ ಸಿಮೆಂಟು ಚೀಲ. ಅವರು ಅದನ್ನು ಪಕ್ಕದವರಿಗೆ ಕೊಟ್ಟರು. ಪಕ್ಕದವರು ಕಂಟ್ರಾಕ್ಟರ ಲಾಯರಿಗೆ ತೋರಿಸಿ, "ಪೂರ್ತಿಯಾದ ಮನೆ ಅಂದ್ರಲ್ಲ, ಇದೇನು?" ಎಂದರು. ಲಾಯರು ಕಂಟ್ರಾಕ್ಟರನ್ನು ನೋಡಿದರು. ಕಂಟ್ರಾಕ್ಟರು ಫ್ಯಾನು ನೋಡಿದ.

ಗೆದ್ದೆವು ಎಂದು ನಿಮ್ಮಮ್ಮ ಸಿಹಿ ತಂದಳು. ನನಗೆ ತಿನ್ನಲಾಗಲಿಲ್ಲ. ತೀರ್ಪಿನಲ್ಲಿ ಏನಿತ್ತೆಂದರೆ, ಬಾಯ್ಲರ್ ಕೂರಿಸಿದ ರೀತಿ ತಪ್ಪು, ಅವನೇ ತನ್ನ ಖರ್ಚಿನಲ್ಲಿ ಸರಿ ಮಾಡಿಕೊಡಬೇಕು. ನಮಗಾದ ತೊಂದರೆಗೆ ಸ್ವಲ್ಪ ಪರಿಹಾರ. ಆದರೆ ತಾತನ ಕಾಯಿಲೆ ಬಾಯ್ಲರಿನಿಂದಲೇ ಹೆಚ್ಚಿತು ಎನ್ನಲು ಆಧಾರ ಸಾಲದು, ಅವರಿಗೆ ಮೊದಲೇ ಉಬ್ಬಸವಿತ್ತು ಎಂದಿತ್ತು. ನಿಮ್ಮಮ್ಮ ಆ ಸಾಲನ್ನು ಮೆಲ್ಲಗೆ ಓದಿ ದಾಟಿಸಿದಳು. ನಾನು ಮತ್ತೆ ಓದಿಸಿದೆ. ಎಣ್ಣೆಯ ಮೈ ಹಿಡಿದು ಎಳೆದ ಕೈ ಆಧಾರವಲ್ಲ. ಇರಲಿ.

ಕೆಲಸದವರು ಬಂದರು. ತಿಂಡಿ ಹೊತ್ತಿಗೆ ಶುರು ಮಾಡಿದರು. ಒಲೆಯ ಬಾಯಿಯನ್ನು ಹೊರಕ್ಕೆ ತೆಗೆದು, ಒಳಗಿನದನ್ನು ಮುಚ್ಚಿ, ಒಡೆದ ಹೊರಗೋಡೆಗೆ ಸಿಮೆಂಟು ಮೆತ್ತಿ, ಪೈಪಿಗೆ ಇನ್ನೊಂದು ಪೈಪು ಜೋಡಿಸಿ ಮೆಟ್ಟಿಲು ದಾಟಿಸಿ ತಾರಸಿಯ ಮೇಲಕ್ಕೆ ಒಯ್ದರು. ನಾನು ಅನ್ನಕ್ಕೆ ಎಸರಿಡುವಷ್ಟರಲ್ಲಿ ಕೈ ತೊಳೆಯುತ್ತಿದ್ದರು. "ಆಯ್ತು ಕಣಜ್ಜಿ" ಎಂದರು. ನಾನು ಪಾತ್ರೆ ಹಿಡಿದುಕೊಂಡೇ ಹೊರಗೆ ಬಂದು ಪೈಪನ್ನು ನೋಡಿದೆ. ಇಷ್ಟೇನಾ? ಅರ್ಧ ಹಗಲಿನ ಕೆಲಸವೂ ಅಲ್ಲ. ಇದಕ್ಕೇ ತಾತ ಕಾದಿದ್ದು, ಇದನ್ನೇ ಅವನು ಮಾಡಲಾಗುವುದಿಲ್ಲ ಎಂದಿದ್ದು. ಮನೆಯ ಮೇಲೆ ಹೊಗೆ ಈಗ ನೆಟ್ಟಗೆ ಹೋಗುತ್ತದೆ. ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು. ನೀವು ಬಂದಾಗ ಮೀಯುವುದು ಅದರಲ್ಲೇ. ತೇಪೆಯ ಕಥೆ ಇದು.

ಇಲ್ಲಿಗೇ ನಿಲ್ಲಿಸೋಣವೆಂದಿದ್ದೆ. ಆದರೆ ಮೊನ್ನೆ ದುದ್ದದ ರಸ್ತೆಯಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಗಂಡ ಹೋದವಳನ್ನು ಹಾಲುಕ್ಕಿಸುವಲ್ಲಿಗೆ ಯಾರೂ ಕರೆಯುವುದಿಲ್ಲ, ಗೊತ್ತಲ್ಲ. ಎಲ್ಲರೂ ಅಡುಗೆಮನೆಯಲ್ಲಿದ್ದಾಗ ನಾನು ಬಚ್ಚಲಿಗೆ ಹೋದೆ. ಒಬ್ಬಳು ಹುಡುಗಿ, "ಪಾಪ, ಅಜ್ಜಿಗೆ ತಡ್ಯಕ್ಕಾಗ್ಲಿಲ್ಲ" ಎಂದಳು, ಉಳಿದವರು ನಕ್ಕರು. ಒಳಗೆ ಹೊಸ ಬಾಯ್ಲರ್, ಒಲೆಯ ಬಾಯಿ ಒಳಗಡೆಗೇ. ಹೊರಗೆ ಹೋಗಿ ನೋಡಿದೆ. ಪೈಪು ಕಿಟಕಿಯ ಮೇಲಿನ ಸಜ್ಜಾದ ಕೆಳಗೆ ಮುಗಿದಿತ್ತು. ಯಾರು ಕಟ್ಟಿದ್ದು ಎಂದು ಕೇಳಬೇಕಾಗಿರಲಿಲ್ಲ. ಅವನು ಶಾಮಿಯಾನದಲ್ಲಿ ಮುಂದಿನ ಕುರ್ಚಿಯಲ್ಲಿ ಕೂತಿದ್ದ. ಪಕ್ಕದ ತಟ್ಟೆಯಲ್ಲಿ ಪೇಟ, ಶಾಲು.

ಮನೆಯ ಯಜಮಾನಿ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಓಡಾಡುತ್ತಿದ್ದಳು. ಅವಳ ಕೈ ಹಿಡಿದು ನಿಲ್ಲಿಸಿದೆ. "ಆ ಶಾಲು ಹೊದಿಸೋಕೆ ಮುಂಚೆ ಬಚ್ಚಲಿಗೊಂದು ಸಲ ಬೆಂಕಿ ಹಾಕಿ ನೋಡವ್ವ" ಎಂದೆ.

ಅವಳು ನನ್ನ ಬರಿ ಹಣೆ ನೋಡಿದಳು. "ಇವತ್ತಿನ ದಿನ ಬೆಂಕಿ ಮಾತ್ಯಾಕತ್ತೆ? ಓಗಿ ಊಟಕ್ಕೆ ಕೂತ್ಕಳಿ" ಎಂದು ಮೆಲ್ಲಗೆ ಕೈ ಬಿಡಿಸಿಕೊಂಡಳು.

ನಾನು ಊಟಕ್ಕೆ ಕೂರಲಿಲ್ಲ. ಅವಳ ಗಂಡನನ್ನು ಹುಡುಕಿ ಅವನಿಗೂ ಹೇಳಿದೆ, ಅವನ ತಾಯಿಗೂ ಹೇಳಿದೆ, ನಾಲ್ಕು ಜನ ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ. ನನ್ನ ಬೆನ್ನ ಹಿಂದೆ ಶಾಲು ಹೊದಿಸಿದರು, ಚಪ್ಪಾಳೆ ಕೇಳಿತು. ಬಸ್ಸು ಹಿಡಿದು ಮನೆಗೆ ಬಂದು ಒಲೆಗೆ ಬೆಂಕಿ ಹಾಕಿ, ತಲೆಗೆ ನೀರು ಹಾಕಿಕೊಂಡೆ.