ದೋಣಿಗಲ್ಲಿನಲ್ಲಿ ಎಳೆದ ಚೈನು

ನಾನು ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು. ಮಕ್ಕಳು ಸಾಲು ತಪ್ಪಿದರೆ ಸಹಿಸುತ್ತಿರಲಿಲ್ಲ, ದೊಡ್ಡವರು ತಪ್ಪಿದರೂ ಅಷ್ಟೇ. ಬಸ್ಸಿನಲ್ಲಿ ಕಿಟಕಿಯಿಂದ ಉಗಿದವನನ್ನು ಇಳಿಯುವ ತನಕ ಬೈದಿದ್ದೇನೆ. ಇಂಥವಳು ಶನಿವಾರ ಬಂತೆಂದರೆ ರೈಲು ಹತ್ತಿ ಇದ್ದಬದ್ದ ನಿಯಮವನ್ನೆಲ್ಲ ಮುರಿಯುತ್ತಿದ್ದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂತ ಗಾದೆ ಕಟ್ಟಿದವರು ನನ್ನಂಥವಳನ್ನು ನೋಡಿಯೇ ಕಟ್ಟಿರಬೇಕು.

ಶನಿವಾರ ಬೆಳಗಿನ ಶಾಲೆ. ಬಿಟ್ಟ ಕೂಡಲೇ ಆಲೂರಿನ ಕಡೆಯಿಂದ ಬರುವ ಬಸ್ಸು ಹಿಡಿದು ಸಕಲೇಶಪುರಕ್ಕೆ ಬಂದರೆ, ಮಂಗಳೂರಿಗೆ ಹೋಗುವ ಹಗಲು ರೈಲು ಸಿಗುತ್ತಿತ್ತು. ನನ್ನ ಮನೆ ದೋಣಿಗಲ್ ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆ, ಒಂದು ಕಾಫಿ ಎಸ್ಟೇಟಿನ ಪಕ್ಕ. ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾದ ಮೇಲೆ ಆ ರಸ್ತೆಯ ಗತಿ ಕೇಳುವುದೇ ಬೇಡ. ಎಲ್ಲೋ ಒಂದು ಲಾರಿ ಕೆಸರಿನಲ್ಲಿ ಹೂತುಕೊಂಡರೆ ಬಸ್ಸು ಎರಡು ಗಂಟೆ ಅಲ್ಲೇ. ರೈಲಿನಲ್ಲಾದರೆ ಕಾಲು ಗಂಟೆಯೊಳಗೆ ದೋಣಿಗಲ್.

ಕಷ್ಟ ಏನೆಂದರೆ, ಆ ರೈಲಿಗೆ ದೋಣಿಗಲ್ಲಿನಲ್ಲಿ ಸ್ಟಾಪ್ ಇಲ್ಲ. ಆದರೂ ಅದು ಅಲ್ಲಿ ನಿಲ್ಲುತ್ತಿತ್ತು. ಕೆಳಗಿನಿಂದ ಘಾಟಿ ಹತ್ತಿ ಬರುವ ಗೂಡ್ಸ್ ಗಾಡಿಗೆ ದಾರಿ ಬಿಡಬೇಕಲ್ಲ, ಅದಕ್ಕೆ. ನಮ್ಮ ಕಡೆಯವರು ಅದು ನಮಗಾಗಿಯೇ ನಿಲ್ಲುತ್ತದೆ ಎಂದು ನಂಬಿಬಿಟ್ಟಿದ್ದರು. ಮುಂದಿನ ಸ್ಟಾಪಾದ ಸುಬ್ರಹ್ಮಣ್ಯದವರೆಗೆ ಟಿಕೆಟ್ ತೆಗೆದು ದೋಣಿಗಲ್ಲಿನಲ್ಲಿ ಇಳಿಯುತ್ತಿದ್ದೆವು. ಪ್ಲಾಟ್‌ಫಾರ್ಮ್ ಕಡೆ ಅಲ್ಲ, ಆಚೆ ಬಾಗಿಲಿನಿಂದ ಜಲ್ಲಿಯ ಮೇಲೆ. ಹಳಿ ದಾಟಿದರೆ ಸೀದಾ ಎಸ್ಟೇಟಿನ ಕಾಲುದಾರಿ. ಹಳಿ ದಾಟುವುದು ಅಪರಾಧ, ಹಳಿಯ ಮೇಲೆ ನಡೆಯುವುದು ಅಪರಾಧ, ದಂಡ ಇಷ್ಟು, ಜೈಲು ಇಷ್ಟು ಎಂದು ಸ್ಟೇಷನ್ನಿನ ಗೋಡೆಯ ಮೇಲೆ ಬರೆದಿತ್ತು. ನಮಗೆ ಅದು ಬರೀ ಬಣ್ಣ.

ಎಷ್ಟೋ ವಾರ ರೈಲು ತಾನಾಗಿಯೇ ನಿಲ್ಲುತ್ತಿತ್ತು. ಒಮ್ಮೊಮ್ಮೆ ಗೂಡ್ಸ್ ಇಲ್ಲದೆ ಹಸಿರು ಸಿಗ್ನಲ್ ಬಿದ್ದಿರುತ್ತಿತ್ತು. ಅಂಥ ದಿನ ಯಾರಾದರೂ ಚೈನ್ ಎಳೆಯಬೇಕು. ಇದಕ್ಕೆ ನಾವು ಮೂವರು ಸರದಿ ಮಾಡಿಕೊಂಡಿದ್ದೆವು: ನಾನು, ನಮ್ಮೂರಿನ ಅಂಗನವಾಡಿ ಕಾರ್ಯಕರ್ತೆ, ಮತ್ತು ಎಸ್ಟೇಟಿನ ಲೆಕ್ಕ, ಆಳು ನೋಡಿಕೊಳ್ಳುವ ರೈಟರು. ಮದುವೆ ಮನೆಯಲ್ಲಿ ಬಡಿಸುವವರು ಸರದಿ ಹಂಚಿಕೊಂಡಷ್ಟೇ ಸಲೀಸಾಗಿ ಹಂಚಿಕೊಂಡಿದ್ದೆವು. ಚೈನಿನ ಮೇಲೆ ಬರೆದಿದ್ದನ್ನು ನಾನು ಎಷ್ಟೋ ಸಲ ಓದಿದ್ದೇನೆ. ಸರಿಯಾದ ಕಾರಣವಿಲ್ಲದೆ ಎಳೆದರೆ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಒಂದು ವರ್ಷದವರೆಗೆ ಸೆರೆ. ಮನೆಗೆ ಹೋಗಬೇಕು ಅನ್ನುವುದಕ್ಕಿಂತ ಸರಿಯಾದ ಕಾರಣ ಇನ್ನೇನಿರುತ್ತೆ ಎಂದು ನಗುತ್ತಿದ್ದೆ.

ಆ ಶನಿವಾರ ಜನರಲ್ ಬೋಗಿಯಲ್ಲಿ ಜಾಗವಿತ್ತು. ಚೈನಿನ ಕೆಳಗಿನ ಸೀಟಿನಲ್ಲಿ ಮೂವತ್ತೇಳು ಮೂವತ್ತೆಂಟರ ಒಬ್ಬರು ಕೂತಿದ್ದರು. ಸಕಲೇಶಪುರದಲ್ಲಿ ಗೂಡ್ಸ್ ಆಟೋ ಓಡಿಸುವ ಸಾಹೇಬರು. ಸ್ಟೇಷನ್ ರಸ್ತೆಯಲ್ಲಿ ಕಾಫಿ ಮೂಟೆ ಹೇರಿಕೊಂಡು ಹೋಗುವಾಗ ನೋಡಿದ ಮುಖ, ಮಾತಾಡಿದ್ದಿಲ್ಲ. ಇಸ್ತ್ರಿ ಮಾಡಿದ ಅಂಗಿ, ತೊಡೆಯ ಮೇಲೆ ಒಂದು ಪ್ಲಾಸ್ಟಿಕ್ ಫೈಲು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ನಾವು ಮೂವರು ಎದುರಿಗೆ ಕೂತೆವು.

ದೋಣಿಗಲ್ ಹತ್ತಿರ ಬಂದಂತೆ ಅಂಗನವಾಡಿಯಾಕೆ ಕಿಟಕಿಯಿಂದ ತಲೆ ಹಾಕಿ ನೋಡಿ, “ಟೀಚರ್, ಹಸಿರು ಬಿದ್ದೈತೆ. ಇವತ್ತು ನಿಮ್ದೇ ಸರದಿ” ಅಂದಳು.

ನಾನು ಎದ್ದೆ. ಆ ಮನುಷ್ಯನ ತಲೆಯ ಮೇಲಿಂದ ಕೈ ಚಾಚಿ, “ಸ್ವಲ್ಪ ಬಾಗ್ರಿ” ಅಂದೆ. ಅವರು ಬಾಗಿದರು. ನಾನು ಎಳೆದೆ.

ಆದರೆ ನಾನು ತಡಮಾಡಿದ್ದೆ. ಸ್ಟೇಷನ್ ದಾಟಿ ಘಾಟಿಯ ಇಳಿಜಾರಿಗೆ ಮೂತಿ ಇಟ್ಟ ಮೇಲೆ ಗಾಡಿ ಕೀರಿಡುತ್ತಾ ನಿಂತಿತು. ಮೇಲಿನ ಬರ್ತಿನಲ್ಲಿದ್ದ ಒಂದು ಚೀಲ ಕೆಳಗೆ ಬಿತ್ತು. ಇಳಿಯೋಣವೆಂದು ಬಾಗಿಲಿಗೆ ಹೋದರೆ ಅಲ್ಲಿ ಇಬ್ಬರು ರೈಲ್ವೆ ಪೊಲೀಸರು. ಚೈನ್ ಎಳೆಯುವವರನ್ನು ಹಿಡಿಯಲೆಂದೇ ಆ ವಾರ ಗಾಡಿಯಲ್ಲಿ ಹಾಕಿದ್ದರಂತೆ. ನಾವು ಮೂವರೂ ಸುಮ್ಮನೆ ವಾಪಸ್ ಬಂದು ಕೂತೆವು. ಈಗ ಇಳಿದರೆ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಂಡ ಹಾಗೆ.

ಗಾರ್ಡು ಜಲ್ಲಿಯ ಮೇಲೆ ಓಡೋಡಿ ಬಂದ. ಅವನಿಗೆ ಉಸಿರು ಸಿಗುತ್ತಿರಲಿಲ್ಲ.

“ಯಾರ್ರೀ ಎಳೆದಿದ್ದು? ಇದೇನು ಬಯಲುಸೀಮೆ ಹಳಿ ಅಂದ್ಕೊಂಡ್ರಾ? ಇಳಿಜಾರಲ್ಲಿ ಬ್ರೇಕ್ ಸರಿಯಾಗಿ ಹಿಡೀಲಿಲ್ಲ ಅಂದ್ರೆ ಇಷ್ಟೂ ಜನ ಕಣಿವೇಲಿ ಇರ್ತಿದ್ರಿ.”

ಅಲ್ಲಿವರೆಗೆ ನನಗೆ ಅದು ಹೊಳೆದೇ ಇರಲಿಲ್ಲ. ನಿಜವಾಗಿ ಹೇಳುತ್ತೇನೆ, ಅಷ್ಟು ವರ್ಷ ಆ ದಂಡ, ಸೆರೆ ಎಲ್ಲ ರೈಲ್ವೆಯವರ ದರ್ಪ ಎಂದುಕೊಂಡಿದ್ದೆ.

ಪೊಲೀಸರಲ್ಲಿ ಹಿರಿಯನಾದವನು ನಮ್ಮ ಸೀಟಿನ ಮುಂದೆ ನಿಂತು ಕೇಳಿದ. ರೈಟರು ಮೊಬೈಲು ನೋಡತೊಡಗಿದರು. ಅಂಗನವಾಡಿಯಾಕೆ ಸೆರಗು ಸರಿಮಾಡಿಕೊಂಡಳು. ಪೊಲೀಸ್ ನನ್ನತ್ತ ತಿರುಗಿ, “ಟೀಚರ್ ಅಲ್ವಾ ನೀವು? ನೀವಾದ್ರೂ ಹೇಳಿ, ಯಾರು ಎಳೆದ್ರು?” ಅಂದ.

“ನಾನು ಗಮನಿಸಲಿಲ್ಲ” ಅಂದೆ.

ಚೈನಿನ ಕೆಳಗೆ ಕೂತಿದ್ದವರು ನನ್ನ ಮುಖ ನೋಡಿದರು. ಸಿಟ್ಟಿನಿಂದಲ್ಲ. ಮಾತು ಇನ್ನೂ ಮುಗಿದಿಲ್ಲ, ಮುಂದಿನದನ್ನು ಹೇಳುತ್ತಾಳೆ ಅಂತ ಕಾಯುವವರ ಹಾಗೆ ನೋಡಿದರು. ನಾನು ನನ್ನ ಬ್ಯಾಗಿನ ಜಿಪ್ ಎಳೆದು ಹಾಕಿದೆ.

“ಹಂಗಾದ್ರೆ ನೀನೇ. ಕೈಗೆ ಸಿಗೋ ಜಾಗದಲ್ಲಿ ನೀನೊಬ್ನೇ ಕೂತಿರೋದು. ಏಳು.”

“ನಾನಲ್ಲ ಸಾರ್” ಅಂದರು ಅವರು, ಫೈಲು ತೆರೆದು ತೋರಿಸುತ್ತಾ. “ನಾನ್ಯಾಕೆ ಗಾಡಿ ನಿಲ್ಲಿಸ್ಲಿ? ಸಂಜೆ ಆರರೊಳಗೆ ಮಂಗ್ಳೂರಲ್ಲಿ ಏಜೆಂಟ್ ಆಫೀಸಿಗೆ ಪಾಸ್‌ಪೋರ್ಟ್ ಕೊಡ್ಬೇಕು. ದೊಡ್ಡ ಗಾಡಿ ಡ್ರೈವರ್ ಕೆಲ್ಸ, ಗಲ್ಫಲ್ಲಿ. ಇವತ್ತು ಕೊಡ್ಲಿಲ್ಲ ಅಂದ್ರೆ ವೀಸಾ ಬೇರೆಯೋರಿಗೆ ಹೋಗ್ಬಿಡ್ತದೆ.”

“ಸ್ಟೇಷನಲ್ಲಿ ಹೇಳು.”

ಎಲ್ಲವನ್ನೂ ನಾನು ಕೇಳಿಸಿಕೊಂಡೆ. ಕಿವಿ ಚೆನ್ನಾಗಿತ್ತು, ನಾಲಿಗೆ ಮಾತ್ರ ಇರಲಿಲ್ಲ. ಆಗಷ್ಟೇ ಮುಖ್ಯಶಿಕ್ಷಕಿ ಹುದ್ದೆಯ ಬಡ್ತಿ ಪಟ್ಟಿಯಲ್ಲಿ ನನ್ನ ಹೆಸರು ಬಂದಿತ್ತು. ಸರ್ಕಾರಿ ನೌಕರಳ ಮೇಲೆ ಪೊಲೀಸ್ ಕೇಸು ಅಂದರೆ ಸಸ್ಪೆಂಡ್, ಬಡ್ತಿಯಂತೂ ದೂರ. ಮಕ್ಕಳೆದುರು ಹೇಗೆ ನಿಲ್ಲಲಿ ಎಂದು ನನಗೆ ನಾನೇ ಕೇಳಿಕೊಂಡೆ. ಅದು ಕೂಡ ಸುಳ್ಳು. ಮಕ್ಕಳು ಆಗ ನೆನಪಿಗೇ ಬಂದಿರಲಿಲ್ಲ. ನೆನಪಿಗೆ ಬಂದದ್ದು ಕುರ್ಚಿ.

ಅವರನ್ನು ಕೆಳಗಿಳಿಸಿಕೊಂಡು ಹೋದರು. ನಾವೂ ಅದೇ ಗಡಿಬಿಡಿಯಲ್ಲಿ ಆಚೆ ಬಾಗಿಲಿನಿಂದ ಇಳಿದು ಎಸ್ಟೇಟಿನ ದಾರಿ ಹಿಡಿದೆವು.

“ಬಿಡಿ ಟೀಚರ್, ದಂಡ ಕಟ್ಸ್ಕೊಂಡು ಬಿಟ್ಬುಡ್ತಾರೆ” ಅಂದರು ರೈಟರು.

“ಪಾಪ ಕಣ್ರೀ, ಆವಯ್ಯನಿಗೆ ಹೊತ್ತಾಗ್ತಿತ್ತು” ಅಂದಳು ಅಂಗನವಾಡಿಯಾಕೆ.

ನಾನು ಅವಳ ಮೇಲೇ ರೇಗಿದೆ. ಸರದಿ ನೆನಪಿಸಿದ್ದೇ ನೀನು ಅಂದೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದವಳು ನಾನು, ಬೈಸಿಕೊಂಡವಳು ಅವಳು.

ಆಟೋ ಸಾಹೇಬರಿಗೆ ಜಾಮೀನು ಸಿಗುವಷ್ಟರಲ್ಲಿ ಸಂಜೆಯಾಗಿತ್ತಂತೆ. ಇದನ್ನು ರೈಟರೇ ತಿಳಿದುಕೊಂಡು ಬಂದು ಹೇಳಿದರು. ಅದಾದ ಮೇಲೆ ನಾನು ಆ ರೈಲು ಹತ್ತಲಿಲ್ಲ. ಎರಡು ಗಂಟೆ ಬಸ್ಸಿನಲ್ಲಿ ಕೂತರೂ ಸರಿ ಎಂದು ರಸ್ತೆಯಲ್ಲೇ ಹೋದೆ. ಅಷ್ಟು ಮಾಡಿದರೆ ಸಾಕು ಎಂದುಕೊಂಡಿದ್ದೆ.

ಮೂರು ತಿಂಗಳಾಗಿರಬಹುದು. ಬಡ್ತಿ ಬಂದಿತ್ತು. ಶಾಲೆಗೆ ಒಂದು ಬೀರು ಕೊಂಡು ಸಕಲೇಶಪುರದಿಂದ ಸಾಗಿಸಬೇಕಾಗಿತ್ತು. ಅಂಗಡಿಯವನು ಕರೆದ ಗೂಡ್ಸ್ ಆಟೋ ಬಂದು ನಿಂತಿತು. ಓಡಿಸುವವರು ಅವರೇ. ನನ್ನನ್ನು ಗುರುತಿಸಿದರು. ಬೀರು ಹತ್ತಿಸಿ, ಹಗ್ಗ ಬಿಗಿದು, “ಕೂತ್ಕೊಳಿ ಟೀಚರ್” ಎಂದು ಪಕ್ಕದಲ್ಲಿ ಜಾಗ ಮಾಡಿದರು. ಹೇಮಾವತಿ ಸೇತುವೆ ದಾಟುವವರೆಗೆ ತಡೆದುಕೊಂಡೆ.

“ಅವತ್ತು ಚೈನ್ ಎಳೆದಿದ್ದು ನಾನು” ಅಂದೆ.

“ಗೊತ್ತು. ನೀವು ಬಾಗು ಅಂದ್ರಿ, ನಾನು ಬಾಗಿದ್ನಲ್ಲ.”

“ಮತ್ತೆ ಪೊಲೀಸರಿಗೆ ಯಾಕೆ ಹೇಳಲಿಲ್ಲ?”

“ನೀವೇ ಹೇಳ್ತೀರಾ ಅಂತ ಇದ್ದೆ ಟೀಚರ್. ಮೇಡಮ್ಮೋರ ಮೇಲೆ ಬೆರಳು ತೋರಿಸೋದು ಹೆಂಗೆ? ತೋರ್ಸಿದ್ರೂ ನಿಮ್ಮ ಮಾತು ನಂಬ್ತಿದ್ರಾ, ನನ್ನ ಮಾತು ನಂಬ್ತಿದ್ರಾ?”

ಅವರೇ ಮುಂದುವರಿಸಿದರು. ಕೋರ್ಟಿನಲ್ಲಿ ಒಪ್ಪಿಕೊಂಡರೆ ಅವತ್ತೇ ಮುಗಿಯುತ್ತದೆ, ಇಲ್ಲವೆಂದರೆ ಅಲೆದು ಸಾಯುತ್ತೀಯ ಎಂದು ಯಾರೋ ಹೇಳಿದರಂತೆ. ಒಪ್ಪಿ ಸಹಿ ಹಾಕಿದ್ದರು. ಅವತ್ತಿನ ವೀಸಾ ಬೇರೊಬ್ಬನ ಪಾಲಾಯಿತು. ಈಗ ಇನ್ನೊಂದು ಕೆಲಸ ಬಂದಿತ್ತು, ಆದರೆ ಆ ಕೆಲಸ ಕೊಡುವವರು ಯಾವ ಕೇಸೂ ಇಲ್ಲವೆಂಬ ಪೊಲೀಸ್ ಕಾಗದ ಕೇಳುತ್ತಿದ್ದರು. ಅದರಲ್ಲಿ ಈ ಕೇಸು ಕಾಣುತ್ತದೆ.

“ವಕೀಲರು ಹೇಳವ್ರೆ, ಎಳೆದೋರೇ ಬರ್ಕೊಟ್ರೆ ಮೇಲಿನ ಕೋರ್ಟಲ್ಲಿ ಕೇಸು ತೆಗೆಸ್ಬೋದಂತೆ. ನಲವತ್ತಾದ್ಮೇಲೆ ಗಲ್ಫಲ್ಲಿ ನಮ್ಮಂಥೋರ್ನ ತಗೊಳ್ಳಲ್ಲ. ಇನ್ನೂ ಎರಡು ವರ್ಷ ಐತೆ ನಂಗೆ. ಬರ್ಕೊಡ್ತೀರಾ?”

“ಬರ್ಕೊಡ್ತೀನಿ” ಅಂದೆ. ಆ ಗಳಿಗೆಯಲ್ಲಿ ಅದು ನಿಜವಾಗಿತ್ತು.

ಮನೆಗೆ ಬಂದು ಬರೆದೆ. ಮೊದಲ ಸಲ ‘ಅಚಾತುರ್ಯದಿಂದ’ ಎಂದು ಬರೆದೆ, ಹರಿದೆ. ಎರಡನೇ ಸಲ ‘ನಮ್ಮಲ್ಲೊಬ್ಬರು’ ಎಂದು ಬರೆದೆ, ಅದನ್ನೂ ಹರಿದೆ. ಮೂರನೆಯದು ಸರಿಯಾಗಿ ಬಂತು. ಸಹಿ ಹಾಕುವುದಕ್ಕೆ ಪೆನ್ನು ಎತ್ತಿದಾಗ ಪಿಂಚಣಿ ನೆನಪಾಯಿತು. ನಿವೃತ್ತಿಗೆ ಎರಡೂವರೆ ವರ್ಷ ಉಳಿದಿತ್ತು. ಕಾಗದವನ್ನು ಮೇಜಿನ ಖಾನೆಯಲ್ಲಿಟ್ಟೆ.

ಮೊದಮೊದಲು ಸ್ಟೇಷನ್ ರಸ್ತೆಯಲ್ಲಿ ಸಿಕ್ಕಾಗಲೆಲ್ಲ ಅವರು ಆಟೋ ನಿಧಾನ ಮಾಡಿ, “ಆಯ್ತಾ ಟೀಚರ್?” ಎಂದು ಕೇಳುತ್ತಿದ್ದರು. “ಮುಂದಿನ ವಾರ” ಅನ್ನುತ್ತಿದ್ದೆ. ಪರೀಕ್ಷೆ ಮುಗೀಲಿ ಅಂದೆ, ತಪಾಸಣೆಗೆ ಬರ್ತಾರೆ ಅಂದೆ, ಜ್ವರ ಅಂದೆ. ಒಂದು ದಿನ ಅವರು ಕೇಳಲಿಲ್ಲ. ತಲೆಯಾಡಿಸಿ ಮುಂದೆ ಹೋದರು. ಆ ಹೊತ್ತಿಗೆ ಅವರಿಗೆ ನಲವತ್ತು ತುಂಬಿತ್ತು.

ನನಗೂ ನಿವೃತ್ತಿಯಾಯಿತು. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿ, ಇಂಥ ಶಿಸ್ತಿನ ಟೀಚರ್ ಇನ್ನು ಸಿಗೋದಿಲ್ಲ ಎಂದು ಹೊಗಳಿದರು. ನಾನು ಕೈಮುಗಿದು ಕೂತಿದ್ದೆ. ಪಿಂಚಣಿ ತಪ್ಪದೆ ಬರುತ್ತಿದೆ. ಹೇಳಿಕೊಳ್ಳಲು ಈಗ ಒಂದು ನೆಪವೂ ಉಳಿದಿಲ್ಲ. ಕಾಗದಕ್ಕೆ ಇನ್ನೂ ಸಹಿ ಹಾಕಿಲ್ಲ.