ಶಾಲು ಬೇಡವೆಂದ ವರ್ಷ

ಮೂವತ್ತೊಂಬತ್ತನೆಯ ವಯಸ್ಸಿಗೆ ನನಗೆ ಸನ್ಮಾನ ಮಾಡಲು ಹೊರಟಿದ್ದರು. ಶಾಲು, ತೆಂಗಿನಕಾಯಿ, ಗಾಜಿನ ಚೌಕಟ್ಟು ಹಾಕಿಸಿದ ಅಭಿನಂದನಾ ಪತ್ರ. ಹಾಡುವವರಿಗೆ ಇದರ ಅರ್ಥ ಗೊತ್ತು. ವೇದಿಕೆಗೆ ಕರೆದು, ಶಾಲು ಹೊದಿಸಿ, ಕೈಗೆ ತಂಬೂರಿ ಕೊಡದೆ ಮನೆಗೆ ಕಳಿಸಿದರೆಂದರೆ ನಿಮ್ಮ ಹಾಡು ಇನ್ನು ಸಾಕು ಎಂದು ಮರ್ಯಾದೆಯಿಂದ ಹೇಳಿದಂತೆ. ನಾನು ಬೇಡವೆಂದೆ. ಆಗ ಸೊಕ್ಕಿನವಳು ಅನ್ನಿಸಿಕೊಂಡೆ. ಈಗಲೂ ಕೆಲವರು ಹಾಗೆಯೇ ಅನ್ನುತ್ತಾರೆ, ಅನ್ನಲಿ.

ನಾನು ಧಾರವಾಡದವಳು. ಹನ್ನೊಂದನೆಯ ವಯಸ್ಸಿನಿಂದ ಮದುವೆಯಾಗುವ ತನಕ ಒಬ್ಬರೇ ಗುರುಗಳ ಬಳಿ ಹಿಂದೂಸ್ತಾನಿ ಖ್ಯಾಲ್ ಗಾಯನ ಕಲಿತೆ. ಅವರು ಹೆಂಗಸು, ಒಂಟಿಯಾಗಿ ಬದುಕಿದವರು, ಹೊಗಳಿಕೆ ಎಂಬುದು ಅವರ ಬಾಯಲ್ಲಿ ಬಂದದ್ದೇ ಇಲ್ಲ. ಮದುವೆಯಾದ ಮೇಲೆ ವಡೋದರಾಕ್ಕೆ ಬಂದೆ. ಗಂಡನಿಗೆ ಮಕರಪುರದ ಕಾರ್ಖಾನೆಯಲ್ಲಿ ಕೆಲಸ, ಮಂಜಲ್‌ಪುರದಲ್ಲಿ ಮೊದಲನೆಯ ಮಹಡಿಯ ಮನೆ. ಮುಂಜಾನೆ ರಿಯಾಜ್, ಸಂಜೆ ಆರೇಳು ಹುಡುಗಿಯರಿಗೆ ಪಾಠ. ವರ್ಷಕ್ಕೆ ನಾಲ್ಕೋ ಐದೋ ಕಛೇರಿ. ಅಹಮದಾಬಾದಿನ ನವರಂಗಪುರದಲ್ಲಿ ಒಂದು ಸಂಗೀತ ಮಂಡಳಿ ಇತ್ತು, ಅವರು ಎರಡು ವರ್ಷಕ್ಕೊಮ್ಮೆಯಾದರೂ ಕರೆಯುತ್ತಿದ್ದರು. ಸೂರತ್‌ನಲ್ಲಿ ಕೆಲವು ಮನೆಗಳಲ್ಲಿ ಬೈಠಕ್ ಆಗುತ್ತಿತ್ತು. ದೊಡ್ಡ ಹೆಸರೇನೂ ಬರಲಿಲ್ಲ. ಆದರೆ ಗುಜರಾತಿನಲ್ಲಿ ಖ್ಯಾಲ್ ಕೇಳುವ ಕೆಲವು ನೂರು ಕಿವಿಗಳಿಗೆ ನನ್ನ ಪರಿಚಯವಿತ್ತು.

ಆಗ ನನ್ನ ಧ್ವನಿ ತೆಳು, ಮೇಲಿನದು. ಹಾರ್ಮೋನಿಯಂನ ನಾಲ್ಕನೆಯ ಕರಿಮನೆ, ಎಂದರೆ ಕಪ್ಪು ಕೀ, ನನ್ನ ಷಡ್ಜ. ತಾರಸ್ಥಾಯಿಯಲ್ಲಿ ನಿಂತರೆ ಜನ ತಲೆದೂಗುತ್ತಿದ್ದರು. ಅದು ನನ್ನ ಸಾಧನೆ ಎಂದು ನಾನು ನಂಬಿದ್ದೆ. ಅರ್ಧ ಮಾತ್ರ ಸಾಧನೆ, ಇನ್ನರ್ಧ ಗಂಟಲು ಹುಟ್ಟಿದ ರೀತಿ ಎಂದು ತಿಳಿಯಲು ಒಂದು ಆಪರೇಷನ್ ಆಗಬೇಕಾಯಿತು.

ಕುತ್ತಿಗೆಯ ಥೈರಾಯ್ಡ್ ಗ್ರಂಥಿಯಲ್ಲಿ ಗಂಟು ಬೆಳೆದಿತ್ತು. ತೆಗೆಯದೆ ಬೇರೆ ದಾರಿ ಇರಲಿಲ್ಲ. ಸರ್ಜನ್ ಮೊದಲೇ ಬಿಡಿಸಿ ಹೇಳಿದ್ದರು: ಗಂಟು ಧ್ವನಿಯ ನರಕ್ಕೆ ಅಂಟಿಕೊಂಡಿದೆ, ನರ ಉಳಿಸುತ್ತೇನೆ, ಆದರೆ ಧ್ವನಿ ಹಿಂದಿನಂತೆಯೇ ಇರುತ್ತದೆಂದು ಮಾತು ಕೊಡಲಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಜೀವ ಉಳಿಯಿತು, ನರವೂ ಉಳಿಯಿತು. ನಾಲ್ಕು ತಿಂಗಳು ಮಾತ್ರ ಬಾಯಿಂದ ಗಾಳಿಯೇ ಹೊರಡುತ್ತಿತ್ತು. ತರಕಾರಿಯವಳಿಗೆ ಬೆರಳು ತೋರಿಸಿ ವ್ಯಾಪಾರ ಮಾಡುತ್ತಿದ್ದೆ. ಶಿಷ್ಯೆಯರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು.

ಐದನೆಯ ತಿಂಗಳು ಒಂದು ಬೆಳಿಗ್ಗೆ ಅಡುಗೆಮನೆಯಿಂದ ಮಗಳನ್ನು ಕೂಗಿದೆ. ಧ್ವನಿ ಬಂತು. ಹತ್ತು ವರ್ಷದ ಅವಳು ಬಾಗಿಲಲ್ಲಿ ಬಂದು ನಿಂತು ನನ್ನನ್ನೇ ನೋಡಿದಳು. ಮನೆಯಲ್ಲಿ ನಾವು ಕನ್ನಡ ಆಡಿದರೂ ಅವಳ ನಾಲಿಗೆಯಲ್ಲಿ ಮೂರು ಭಾಷೆ ಬೆರೆತಿರುತ್ತಿತ್ತು.

"ಮಮ್ಮಿ, ನಿನ್ನ ಅವಾಜ್ ಪಪ್ಪಾನಂಗ ಆಗೇದ," ಅಂದಳು.

ನಿಜವಾಗಿತ್ತು. ಹಾರ್ಮೋನಿಯಂ ತೆಗೆದು ಹುಡುಕಿದೆ. ನಾಲ್ಕನೆಯ ಕರಿಯಲ್ಲಿ ಧ್ವನಿ ನಿಲ್ಲಲೇ ಇಲ್ಲ. ಒಂದೊಂದೇ ಮನೆ ಕೆಳಗಿಳಿಯುತ್ತ ಬಂದೆ. ಮೊದಲನೆಯ ಕರಿಗೆ ಬಂದಾಗ ಸ್ವರ ತಾನಾಗಿ ಕೂತಿತು. ಅದು ಗಂಡಸರು ಹಾಡುವ ಶ್ರುತಿ. ದಪ್ಪ, ಸ್ವಲ್ಪ ಒರಟು, ಅಂಚಿನಲ್ಲಿ ಮರಳು ಸಿಕ್ಕಿದಂತೆ. ಅರ್ಧ ಗಂಟೆ ಅದೊಂದೇ ಷಡ್ಜವನ್ನು ಹಿಡಿದು ಕೂತೆ. ಅಳು ಬಂತು, ನಿಜ. ಆದರೆ ಅಳು ಮುಗಿದ ಮೇಲೂ ಸ್ವರ ಅಲ್ಲೇ ಇತ್ತು.

ಗುರುಗಳಿಗೆ ಫೋನ್ ಮಾಡಿದೆ. ಅವರು ನನ್ನ ಮಾತನ್ನು ಪೂರ್ತಿ ಕೇಳಿದರು. ಆಮೇಲೆ, "ಹೋದದ್ದು ಹೋತವಾ. ಇನ್ನ ಕಲಸು. ನಾಕ ಹುಡುಗ್ಯಾರನ್ನ ತಯಾರ ಮಾಡು. ಮಂದಿ ಮುಂದ ಕೂಡಬ್ಯಾಡ," ಅಂದರು.

ಜೀವನದಲ್ಲಿ ಮೊದಲ ಸಲ ಅವರ ಮಾತಿಗೆ ನಾನು ಹೂಂ ಅನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ಆರೋಗ್ಯ ನೋಡಿಕೊಳ್ಳಿ ಎಂದು ಹೇಳಿ ಫೋನ್ ಇಟ್ಟೆ. ಮಾರನೆಯ ದಿನ ವಾದ್ಯ ರಿಪೇರಿ ಮಾಡುವವರ ಅಂಗಡಿಗೆ ನನ್ನ ತಂಬೂರಿ ಒಯ್ದು, ಮೊದಲನೆಯ ಕರಿಗೆ ಶ್ರುತಿ ಮಾಡಬೇಕು, ದಪ್ಪ ತಂತಿ ಹಾಕಿಕೊಡಿ ಎಂದೆ. ಅವರು ಬುರುಡೆ ತಟ್ಟಿ ನೋಡಿ, ಇದು ಹೆಂಗಸರ ತಂಬೂರಿ, ಅಷ್ಟು ಕೆಳಗೆ ನುಡಿಯುವುದಿಲ್ಲ, ಹಾಡುವ ಸಾಹೇಬರನ್ನೇ ಕರೆದುಕೊಂಡು ಬನ್ನಿ ಎಂದರು. ಹಾಡುವವಳು ನಾನೇ ಎಂದೆ. ಅಂಗಡಿಯವರು ನನ್ನ ಕುತ್ತಿಗೆಯ ಗಾಯದ ಗುರುತು ನೋಡಿದರು. ಒಳಗಿನಿಂದ ಹಳೆಯದೊಂದು ದೊಡ್ಡ ತಂಬೂರಿ ತಂದು ಎದುರಿಗಿಟ್ಟರು. ನನ್ನದನ್ನು ಕೊಟ್ಟು ಅದನ್ನು ತಂದೆ.

ಒಂದು ವರ್ಷ ರಿಯಾಜ್ ಮಾಡಿದೆ. ನನ್ನ ಜೊತೆ ಹತ್ತು ವರ್ಷದಿಂದ ತಬಲಾ ನುಡಿಸುತ್ತಿದ್ದವರು ವಡೋದರಾದವರೇ, ವಯಸ್ಸಾದವರು. ಶ್ರುತಿ ಇಳಿದರೆ ತಬಲಾ ಕೂಡ ದೊಡ್ಡ ಬಾಯಿಯದು ಬೇಕು. ನಾನು ಹೇಳುವ ಮೊದಲೇ ಅವರು ಅಂಥದ್ದನ್ನು ಸ್ಕೂಟರಿನಲ್ಲಿ ಕಟ್ಟಿಕೊಂಡು ಬಂದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಎಲ್ಲಿಂದ ಶುರು ಮಾಡೋಣ ಎಂದಷ್ಟೇ ಕೇಳಿದರು.

ನವರಂಗಪುರದ ಮಂಡಳಿಯ ಕಾರ್ಯದರ್ಶಿಯ ಫೋನ್ ಬಂದದ್ದು ಆಮೇಲೆ. ಅವರು ನಿವೃತ್ತ ಕಾಲೇಜು ಅಧ್ಯಾಪಕರು, ಸಭ್ಯರು, ಸಂಗೀತ ಬಲ್ಲವರು. ಆ ವರ್ಷದಲ್ಲೇ ಒಂದು ಸಲ ನನ್ನ ಮನೆಗೆ ಬಂದು ಹೊಸ ಧ್ವನಿಯ ರಿಯಾಜ್ ಕೇಳಿ ಹೋಗಿದ್ದರು. ಮಂಡಳಿ ನನ್ನನ್ನು ಸನ್ಮಾನಿಸಲು ನಿರ್ಧರಿಸಿದೆ ಎಂದು ಸಂತೋಷದಿಂದ ಹೇಳಿದರು. ಹಾಡುವುದು ಎಷ್ಟು ಹೊತ್ತು ಎಂದು ಕೇಳಿದೆ. ಹಾಡು ಬೇರೆಯವರದು, ತಾವು ಆಶೀರ್ವಾದದ ಎರಡು ಮಾತಾಡಿದರೆ ಸಾಕು ಎಂದರು.

ಗಂಡನಿಗೆ ನನ್ನ ಸಿಟ್ಟು ಅರ್ಥವಾಗಲಿಲ್ಲ. ಅವರು ಜಗಳವಾಡುವ ಮನುಷ್ಯರಲ್ಲ.

"ಅವರು ಒಳ್ಳೇದಕ್ಕ ಮಾಡಾಕತ್ತಾರ. ಶಾಲ ಹಾಕಿಸ್ಕೊಂಡ ಬಂದಬಿಡು," ಅಂದರು.

"ಇವತ್ತ ಹಾಕಿಸ್ಕೊಂಡ್ರ ನಾಳಿಂದ ಮಂದಿ, ಹಾಡ್ತಿದ್ಲು ಪಾಪ ಅಂತಾರ. ನಾ ಇನ್ನೂ ಹಾಡ್ತೀನಿ," ಅಂದೆ.

ಫೋನಿನಲ್ಲಿ ಹೇಳಿದರೆ ಹೇಡಿತನವಾದೀತೆಂದು ಮುಂಜಾನೆಯ ರೈಲು ಹಿಡಿದು ಅಹಮದಾಬಾದಿಗೆ ಹೋದೆ. ಸ್ಟೇಷನ್ನಿನಿಂದ ನವರಂಗಪುರಕ್ಕೆ ಆಟೋದಲ್ಲಿ ಹೋಗುವಾಗ ಹೇಳಬೇಕಾದ್ದನ್ನೆಲ್ಲ ಹಿಂದಿಯಲ್ಲಿ ಜೋಡಿಸಿಕೊಂಡೆ. ಮಂಡಳಿಯ ಕಚೇರಿ ಒಂದು ಪುಸ್ತಕದಂಗಡಿಯ ಮೇಲೆ. ಕಾರ್ಯದರ್ಶಿ ಚಹಾ ತರಿಸಿದರು. ಮೇಜಿನ ಮೇಲೆ ಅಚ್ಚಾದ ಆಮಂತ್ರಣ ಪತ್ರಿಕೆಯ ಕಟ್ಟು ಇತ್ತು, ಅದರಲ್ಲಿ ನನ್ನ ಹೆಸರು ದಪ್ಪ ಅಕ್ಷರದಲ್ಲಿ. ನನಗೆ ಸನ್ಮಾನ ಬೇಡ, ಹಿಂದಿನಂತೆ ಒಂದೂವರೆ ಗಂಟೆ ಹಾಡಲು ಕೊಡಿ ಎಂದೆ. ಅವರು ಬಹಳ ಹೊತ್ತು ತಿಳಿಹೇಳಿದರು. ಕೇಳುವವರ ಕಿವಿಯಲ್ಲಿ ನನ್ನ ಹಳೆಯ ಧ್ವನಿ ಇದೆ, ಅದು ಹಾಗೆಯೇ ಉಳಿಯಲಿ ಎಂದರು. ಜನ ನಗಬಹುದು ಎಂದರು. ಕೊನೆಗೆ, ಗುಜರಾತಿ ರೂಢಿಯಂತೆ ಸೋದರಿ ಎಂದು ಕರೆದು, ತಮ್ಮ ಮನಸ್ಸಿನದು ಹೇಳಿದರು.

"ಬೆನ್, ನಿಮ್ಮ ಗೌರವ ಉಳಿಸಲೆಂದೇ ಇದನ್ನು ಮಾಡುತ್ತಿದ್ದೇನೆ."

"ನನ್ನ ಗೌರವ ನೀವು ಉಳಿಸಬೇಕಾಗಿಲ್ಲ," ಎಂದೆ. "ವೇದಿಕೆ ಕೊಡುವುದಿದ್ದರೆ ಕೊಡಿ. ಇಲ್ಲದಿದ್ದರೆ ಆ ಪತ್ರಿಕೆಯಲ್ಲಿ ನನ್ನ ಹೆಸರು ಹೊಡೆದುಹಾಕಿ."

ಅವರು ಹೆಸರು ಹೊಡೆದುಹಾಕಿದರು. ನನ್ನ ಎದುರಿಗೇ ಅಲ್ಲ, ಆದರೆ ಹೊಡೆದುಹಾಕಿದರು. ಸುದ್ದಿ ಹಬ್ಬಿತು. ವಡೋದರಾದಲ್ಲಿ ಒಬ್ಬ ಹಿರಿಯ ಗಾಯಕರು ದಾರಿಯಲ್ಲಿ ಸಿಕ್ಕಿದಾಗ ನಮಸ್ಕಾರಕ್ಕೆ ಮುಖ ತಿರುಗಿಸಿದರು. ಆ ವರ್ಷ ಸಂಗೀತದವರು ಯಾರೂ ಕರೆಯಲಿಲ್ಲ.

ಕರೆದದ್ದು ಉಧ್ನಾದಿಂದ. ಸೂರತ್‌ನ ಉಧ್ನಾದಲ್ಲಿ ಉಡುಪಿ ಕಡೆಯವರೊಬ್ಬರು ಹೋಟೆಲ್ ನಡೆಸುತ್ತಿದ್ದರು. ಅಲ್ಲಿನ ಕನ್ನಡಿಗರು ಸೇರಿ ಅವರ ಹೋಟೆಲಿನ ಮಹಡಿಯ ಹಾಲ್‌ನಲ್ಲೇ ಗಣಪತಿ ಕೂರಿಸುತ್ತಿದ್ದರು. ಭಾನುವಾರ ಬೆಳಿಗ್ಗೆ ಹಾಡಬೇಕು ಎಂದು ಹೋಟೆಲಿನವರು ಫೋನ್ ಮಾಡಿದರು. ನನ್ನ ಧ್ವನಿ ಮೊದಲಿನಂತಿಲ್ಲ, ಕೇಳಿ ಒಪ್ಪಿಗೆಯಾದರೆ ಕರೆಯಿರಿ ಎಂದೆ.

"ನಂಗೆ ಮೊದಲಿನದ್ದೂ ಗೊತ್ತಿಲ್ಲ, ಈಗಿನದ್ದೂ ಗೊತ್ತಿಲ್ಲ ಮಾರಾಯ್ರೆ," ಎಂದರು. "ಹಾಡ್ತೀರಿ ಅಲ್ವಾ? ಮತ್ತೆಂತ ಬೇಕು?"

ಭಾನುವಾರವಾದ್ದರಿಂದ ಗಂಡನಿಗೆ ರಜೆ, ದೊಡ್ಡ ತಂಬೂರಿಯನ್ನು ತಾವೇ ಹೊತ್ತು ರೈಲು ಹತ್ತಿದರು. ಜಗಳ ಬೇಡವೆಂದವರು ಅವರೇ. ರೈಲಿನಲ್ಲಿ ಜನ ಜಾಗ ಬಿಡದಿದ್ದಾಗ ಅದಕ್ಕಾಗಿ ಜಗಳವಾಡಿದವರೂ ಅವರೇ.

ಆ ಹಾಲ್ ಕಛೇರಿಗೆ ಹೇಳಿ ಮಾಡಿಸಿದ್ದಲ್ಲ. ಕೆಳಗೆ ಹೋಟೆಲಿನ ಪಾತ್ರೆ ಸದ್ದು, ಹಿಂದಿನ ಗಲ್ಲಿಯಲ್ಲಿ ಮಗ್ಗದ ಕಾರ್ಖಾನೆಗಳು. ನೇಯುವ ಯಂತ್ರಗಳು ಒಂದೇ ಸಮ ಬಡಿಯುತ್ತಿದ್ದವು. ಅರವತ್ತು ಎಪ್ಪತ್ತು ಜನ ಇದ್ದರು: ಹೋಟೆಲಿನ ಕೆಲಸಗಾರರು, ಬಾಡಿಗೆ ಫ್ಲ್ಯಾಟಿನಲ್ಲಿರುವ ಇಂಜಿನಿಯರುಗಳು, ಸಂಸಾರಸ್ಥರು, ಬೈಠಕ್‌ಗಳಿಂದ ನನ್ನ ಗುರುತಿದ್ದ ನಾಲ್ಕೈದು ಗುಜರಾತಿಗಳು. ತೋಡಿ ರಾಗ ಎತ್ತಿಕೊಂಡೆ. ಮೊದಲ ಷಡ್ಜಕ್ಕೇ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇನ್ನೊಬ್ಬರು ಅವರನ್ನು ಸೇರಿಕೊಂಡರು. ಮುಂದಿನ ಸಾಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಾನು ಹಾಡು ನಿಲ್ಲಿಸಿದೆ. ತಬಲಾದವರು ನನ್ನ ಕಡೆ ನೋಡಿದರು, ಎದ್ದು ಹೋಗುತ್ತೇನೆ ಎಂದುಕೊಂಡರಂತೆ.

"ಇದು ನನ್ನ ಧ್ವನಿ," ಎಂದು ಸಭೆಗೆ ಹೇಳಿದೆ. "ಮುಂದಿನ ಒಂದೂವರೆ ತಾಸು ಹೀಗೇ ಇರುತ್ತದೆ. ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ನಾನು ಕಾಯುತ್ತೇನೆ."

ತಂಬೂರಿ ಮೀಟುತ್ತ ನಿಜವಾಗಿಯೂ ಕಾದೆ. ಯಾರೂ ನಗಲಿಲ್ಲ. ಇಬ್ಬರು ಎದ್ದು ಕೆಳಗೆ ಹೋದರು. ಆಮೇಲೆ ಹಾಡಿದೆ.

ಹೇಗೆ ಹಾಡಿದೆ ಎಂದು ನಾನೇ ಹೇಳಬಾರದು. ಆದರೂ ಒಂದು ಮಾತು. ಹಳೆಯ ಧ್ವನಿಯಲ್ಲಿ ಮಂದ್ರಸ್ಥಾಯಿಗೆ ಹೋಗುವಾಗ ನಾನು ಕತ್ತಲಲ್ಲಿ ಮೆಟ್ಟಿಲಿಳಿಯುವವಳ ಹಾಗೆ ಕಾಲು ತಡವುತ್ತಿದ್ದೆ. ಅಂದು ಆ ಕೆಳಗಿನ ಸ್ವರಗಳು ನನ್ನ ಮನೆಯ ನೆಲದಷ್ಟು ಗಟ್ಟಿಯಾಗಿದ್ದವು. ಇಪ್ಪತ್ತು ನಿಮಿಷ ಅಲ್ಲೇ ಓಡಾಡಿದೆ, ಮೇಲೆ ಬರಲು ಅವಸರವಿರಲಿಲ್ಲ. ಮಗ್ಗದ ಸದ್ದಿನ ಅಡಿಯಲ್ಲಿ ಧ್ವನಿ ತನ್ನ ದಾರಿ ಮಾಡಿಕೊಂಡು ಹೋಗುತ್ತಿತ್ತು. ತಾರ ಷಡ್ಜಕ್ಕೆ ಹೋದಾಗ ಮೊದಲ ಸಲ ಒಡೆಯಿತು. ಎಲ್ಲರಿಗೂ ಕೇಳಿಸುವಂತೆ ಒಡೆಯಿತು. ಮತ್ತೆ ಹೋದೆ, ಮತ್ತೆ ಒಡೆಯಿತು. ಮೂರನೆಯ ಸಲ ನಿಂತಿತು. ಬಾಗಿಲಲ್ಲಿ ನಿಂತಿದ್ದ ಅಡುಗೆಯವರೊಬ್ಬರು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಅಲ್ಲೇ ನೆಲಕ್ಕೆ ಕೂತುಬಿಟ್ಟರು.

ಮುಗಿದ ಮೇಲೆ ಹೋಟೆಲಿನವರು, ಸಂಗೀತ ತಮಗೆ ತಿಳಿಯುವುದಿಲ್ಲ, ಆದರೆ ಎದೆಯಲ್ಲಿ ಏನೋ ಭಾರ ಆಯಿತು ಎಂದು ಹೇಳಿ ಊಟಕ್ಕೆ ಕರೆದರು. ಗುಜರಾತಿಗಳಲ್ಲಿ ಒಬ್ಬ ಮುದುಕರು ಹತ್ತಿರ ಬಂದು, ನೀವು ಶಾಲು ತಿರಸ್ಕರಿಸಿದ್ದು ನಿಜವೇ ಎಂದು ಕೇಳಿದರು. ಅವರು ಅಹಮದಾಬಾದಿನವರು, ನವರಂಗಪುರದ ಮಂಡಳಿಯ ಹಳೆಯ ಸದಸ್ಯರು. ಮಗನ ಬಣ್ಣದ ಕಾರ್ಖಾನೆ ಉಧ್ನಾದಲ್ಲಿತ್ತು, ಆ ವಾರ ಅಲ್ಲಿದ್ದರು. ಹೌದೆಂದೆ. ಮಂಡಳಿಯ ಸಭೆಯಲ್ಲಿ ಈ ಮಾತು ಎತ್ತುತ್ತೇನೆ ಎಂದು ಹೇಳಿ ಹೋದರು.

ಹೋಟೆಲಿನವರು ಆ ಬೆಳಗಿನ ಹಾಡನ್ನು ಟೇಪ್ ಮಾಡಿದ್ದರು. ಕ್ಯಾಸೆಟ್ಟಿನ ಒಂದು ಪ್ರತಿ ಮಾಡಿಸಿ ಧಾರವಾಡಕ್ಕೆ ಗುರುಗಳಿಗೆ ಕಳಿಸಿದೆ. ಅವರು ಬೇಡವೆಂದದ್ದನ್ನೇ ಮಾಡಿ, ಮಾಡಿದ್ದಕ್ಕೆ ಸಾಕ್ಷಿಯನ್ನೂ ಅವರಿಗೇ ಕಳಿಸುವುದು ಉದ್ಧಟತನವೇ. ಗೊತ್ತಿದ್ದೇ ಕಳಿಸಿದೆ. ಮೂರು ವಾರ ಏನೂ ಬರಲಿಲ್ಲ. ಆಮೇಲೆ ಒಂದು ಪೋಸ್ಟ್ ಕಾರ್ಡ್ ಬಂತು. ಗುರುಗಳ ಕೈಬರಹದಲ್ಲಿ ಎರಡೇ ಸಾಲು.

"ತೋಡಿ ಗಾಂಧಾರ ಏರೇದ, ಇನ್ನೂ ಇಳಸು. ದ್ರುತ್‌ದಾಗ ಅವಸರ ಮಾಡೀದಿ."

ಗೇಟಿನ ಬಳಿ ಹಾಲಿನ ಚೀಲ ಹಿಡಿದುಕೊಂಡೇ ಅದನ್ನು ಓದಿದೆ. ಹಾಡಬೇಡ ಎಂದ ಬಾಯಿ ಈಗ ತಪ್ಪು ತೋರಿಸುತ್ತಿತ್ತು. ಬಿಟ್ಟವರಿಗೆ ಯಾರೂ ಗಾಂಧಾರ ತಿದ್ದುವುದಿಲ್ಲ. ಮರುದಿನ ಮುಂಜಾನೆ ಬರೀ ಗಾಂಧಾರ ಹಾಡಿದೆ. ಅವರು ಹೇಳಿದ್ದು ಸರಿಯಿತ್ತು, ಕೂದಲೆಳೆಯಷ್ಟು ಮೇಲಿತ್ತು.

ನವರಂಗಪುರದಿಂದ ಮೊದಲು ಬಂದ ಪತ್ರದಲ್ಲಿ ನಲವತ್ತು ನಿಮಿಷ ಎಂದಿತ್ತು, ಜೊತೆಗೆ ಭಜನೆ ಹಾಡಿದರೆ ಉತ್ತಮ ಎಂಬ ಸಲಹೆ. ನಾನು ಒಂದೂವರೆ ಗಂಟೆ, ಖ್ಯಾಲ್ ಎಂದು ಉತ್ತರಿಸಿದೆ. ಎರಡನೆಯ ಪತ್ರ ಒಂದು ಗಂಟೆ ಎಂದಿತು. ನನ್ನ ಉತ್ತರ ಬದಲಾಗಲಿಲ್ಲ. ಗಂಡ ಒಂದು ಗಂಟೆಗೆ ಒಪ್ಪಿಕೋ ಎಂದರು. ತಬಲಾದವರು, ಒಪ್ಪಿಕೊಂಡರೆ ನಾನು ಬರುವುದಿಲ್ಲ ಎಂದರು. ಎಂಟು ತಿಂಗಳ ಮೇಲೆ ಮೂರನೆಯ ಪತ್ರ ಬಂತು, ಅದರಲ್ಲಿ ಷರತ್ತು ಇರಲಿಲ್ಲ.

ಆ ಕಛೇರಿಗೆ ಹಾಲ್ ತುಂಬಿತ್ತು. ಕೆಲವರು ಹಾಡು ಕೇಳಲು, ಹಲವರು ಈ ಹೆಂಗಸು ಬೀಳುವುದನ್ನು ನೋಡಲು ಬಂದಿದ್ದರು. ಹತ್ತು ನಿಮಿಷದೊಳಗೆ ಎರಡು ಸಾಲು ಖಾಲಿಯಾಯಿತು. ಖಾಲಿ ಕುರ್ಚಿಗಳನ್ನು ನೋಡಿಕೊಂಡೇ ಹಾಡಿದೆ. ಉಧ್ನಾದಲ್ಲಿ ಸಿಕ್ಕಿದ್ದ ಮುದುಕರು ಕೋಲು ಊರಿಕೊಂಡು ಹಿಂದಿನಿಂದ ಎದ್ದು ಬಂದು ಮುಂದೆ ಕೂತರು, ಅವರ ಹಿಂದೆ ಇನ್ನೂ ಕೆಲವರು ಬಂದರು. ತಾರ ಷಡ್ಜ ಅಂದೂ ಒಮ್ಮೆ ಒಡೆಯಿತು. ಗಾಂಧಾರ ಮಾತ್ರ ತನ್ನ ಜಾಗದಲ್ಲಿತ್ತು. ಒಂದೂವರೆ ಗಂಟೆ ಎಂದಿದ್ದೆ, ಇನ್ನೂ ಹತ್ತು ನಿಮಿಷ ಹೆಚ್ಚು ಹಾಡಿದೆ. ಯಾರೂ ಗಡಿಯಾರ ತೋರಿಸಲಿಲ್ಲ.

ಕಾರ್ಯದರ್ಶಿ ಕೊನೆಯ ತನಕ ಕಣ್ಣು ಮುಚ್ಚಿ ಕೂತಿದ್ದರು. ನಾನು ತಂಬೂರಿಗೆ ಗವಸು ಹಾಕುತ್ತಿದ್ದಾಗ ಬಂದರು. ಸುಳ್ಳು ಹೇಳುವ ಮನುಷ್ಯರಲ್ಲ ಅವರು.

"ಬೆನ್, ನನಗೆ ಇನ್ನೂ ಹಳೆಯ ಧ್ವನಿಯೇ ಇಷ್ಟ," ಎಂದರು.

"ಇರಲಿ," ಎಂದೆ. "ಮುಂದಿನ ವರ್ಷವೂ ಇದನ್ನೇ ತರುತ್ತೇನೆ."

ಅವರು ನಕ್ಕರು. ಮುಂದಿನ ವರ್ಷ ಕರೆಯಲಿಲ್ಲ, ಅದರ ಮುಂದಿನ ವರ್ಷ ಕರೆದರು. ನಡುವಿನ ವರ್ಷ ನಾನೇನೂ ಸುಮ್ಮನೆ ಕೂರಲಿಲ್ಲ. ಉಧ್ನಾದಲ್ಲಿ ಇನ್ನೊಂದು ಸಲ ಹಾಡಿದೆ. ಮಂಜಲ್‌ಪುರದ ಮನೆಗೆ ಒಬ್ಬ ಹುಡುಗಿ ಕಲಿಯಲು ಬಂದಳು. ಅವಳ ಧ್ವನಿ ಹುಟ್ಟಿನಿಂದಲೇ ತಗ್ಗಿನದು, ಎರಡು ಕಡೆ ಹೆಣ್ಣಿನ ಧ್ವನಿ ಇದಲ್ಲ ಎಂದು ಕಳಿಸಿಬಿಟ್ಟಿದ್ದರಂತೆ. ಅವಳ ತಾಯಿ ಅಳುಕುತ್ತ, ಇದನ್ನು ಸರಿ ಮಾಡಲು ಆಗುತ್ತದೆಯೇ ಎಂದು ಕೇಳಿದರು. ಸರಿ ಮಾಡುವಂಥದ್ದು ಏನೂ ಇಲ್ಲ ಎಂದು ಹೇಳಿ, ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ಷಡ್ಜ ಹಚ್ಚು ಎಂದೆ.