ಪಂಚಮಿಗಿ ಮಾವ ಯಾರನ್ನ ಕರಿಯಾಕ ಬಂದಿದ್ದ?

"ಅಕ್ಕಾ, ಪಂಚಮಿಗಿ ಕರಿಯಾಕ ಬಂದೀನಿ, ನಡಿ" ಅಂತ ಶರಣಪ್ಪ ಮಾವ ನಮ್ಮ ಮನಿ ಬಾಗಲದಾಗ ನಿಂತು ಅಂದಾಗ, ಒಳಗ ಗಂಟು ಕಟ್ಟಿಕೊಂಡು ಕುಂತಿದ್ದ ನಮ್ಮಕ್ಕ ಮಾದೇವಿ ದಡಕ್ಕನ ಎದ್ದು ನಿಂತ್ಳು.

ಆದ್ರ ಅಂವ ಕರೆದಿದ್ದು ಆಕಿನ್ನ ಅಲ್ಲ. ನಮ್ಮವ್ವನ್ನ.

ತಡೀರಿ, ತಡೀರಿ... ಗೊಂದಲ ಆಗ್ತದ. ನನಗ ಐವತ್ತು ವರ್ಷದಿಂದ ಆಗ್ಯಾದ, ನಿಮಗ ಐದು ನಿಮಿಷ ಆದ್ರ ಏನಾಗ್ತದ!

ಶರಣಪ್ಪ ಮಾವ ನಮ್ಮವ್ವನ ಒಡಹುಟ್ಟಿದ ತಮ್ಮ. ನಮ್ಮಕ್ಕನ್ನ ಅವನಿಗೇ ಕೊಟ್ಟಿದ್ರು. ಸೋದರಮಾವಗ ಹೆಣ್ಣು ಕೊಡೋದು ನಮ್ಮ ಕಡಿ ಆಗ ಮಾಮೂಲಿ ಮಾತು.

ಅಂದ್ರ, ಆಡಕಿ ಊರಾಗಿನ ಮಾವನ ಮನಿ ಅವ್ವಗ ತವರುಮನಿ, ಅಕ್ಕಗ ಗಂಡನ ಮನಿ. ಅಕ್ಕನ ಅತ್ತಿ ಅಂದ್ರ ನಮ್ಮ ಆಯಿ, ನಮ್ಮವ್ವನ ಹಡದವ್ವ. "ಹೊರಗಿನವರಿಗೇನು ಕೊಡಾಕತ್ತಿಲ್ಲ, ಹುಡುಗಿ ಸುಖದಾಗ ಇರ್ತಾಳ" ಅಂತ ಎಲ್ಲಾರೂ ಅಂದಿದ್ರು.

ಸುಖ ಒಂದು ವರ್ಷ ಇತ್ತು ನೋಡ್ರಿ.

ರಾಜ್ಯಕ್ಕ ಮೈಸೂರು ಅನ್ನೋದು ಹೋಗಿ ಕರ್ನಾಟಕ ಅಂತ ಹೆಸರಾದ ಹೊಸದು. ನಾವು ಶಹಾಬಾದದಾಗ ಇದ್ವಿ, ಅಪ್ಪ ಫರ್ಸಿ ಕಲ್ಲು ಪಾಲಿಶ್ ಮಾಡೋ ಕಡಿ ಕೆಲಸಕ್ಕ ಹೋಗ್ತಿದ್ದ. ನಾನಿನ್ನೂ ಸಾಲಿ ಹುಡುಗಿ.

ಒಂದಿನ ಮಧ್ಯಾಹ್ನ ಅಕ್ಕ ಒಬ್ಬಾಕಿನೇ ಬಸ್ ಇಳದು ಬಂದ್ಳು. "ನಾ ಇನ್ನ ಅಲ್ಲಿ ಹೋಗಂಗಿಲ್ಲ."

ಕಾರಣ ಏನಪಾ ಅಂದ್ರ... ಕೆನಿ!

ಸಾಲಿ ಸೂಟಿಗಿ ಹೋದಾಗ ಹಾಲಿನ ಕೆನಿ ತೆಗೆದು ಅಕ್ಕನ ಬಾಯಾಗ ಇಡ್ತಿದ್ದ ಆಯಿ, ಮದಿವಿ ಆದ ಮ್ಯಾಲ ಕೆನಿ ಗಡಗಿ ಮುಚ್ಚಿ ಇಡಾಕತ್ತಿದ್ಳಂತ. ಅಕ್ಕ ರೂಢಿ ಪ್ರಕಾರ ಕೈ ಹಾಕ್ಯಾಳ. ನೆರಮನಿ ಹೆಂಗಸರ ಮುಂದನೇ ಆಯಿ ಕೈ ಮ್ಯಾಲ ಬಡದು, "ಸೊಸಿ ಆದಾಕಿಗಿ ನಾಲಗಿ ಚಪಲ ಇರಬಾರದು" ಅಂದಾಳ. ಮಾವ ಅಲ್ಲೇ ಕುಂತಿದ್ದ, ಪಿಟಕ್ ಅಂದಿಲ್ಲ.

"ಕೆನಿ ಹೋದ್ರ ಹೋಗಲಿ, ನನ್ನ ಆಯಿನೇ ಹೋದ್ಳಲ್ಲ" ಅಂತ ಅಕ್ಕ ಬಿಕ್ಕಿ ಬಿಕ್ಕಿ ಅತ್ತಿದ್ದು ನನಗ ಈಗಲೂ ನೆನಪದ.

ಮಗಳು ಸಿಟ್ಟಿನಿಂದ ತವರಿಗಿ ಬಂದ್ರ ಅವ್ವ ಆದಾಕಿ ಬೀಗರ ಮನಿಗಿ ಹೋಗಿ ಜಗಳ ಮಾಡ್ಬೇಕು. ಇಲ್ಲಿ ಬೀಗತಿ ಅಂದ್ರ ಆಕಿ ಅವ್ವನೇ! ಅಪ್ಪನೂ ತಲಿ ಕೆರಕೊಂಡ: "ನಾ ಅವನಿಗಿ ಅಳಿಯಾ ಅಂತ ಬೈಲೋ, ಹೆಣ್ತಿ ತಮ್ಮ ಅಂತ ಬೈಲೋ?"

ಹಿಂಗ ಒಂದು ತಿಂಗಳು ಹೋತು. ಅಷ್ಟರಾಗ ಅಕ್ಕತಂಗೇರನ್ನ ತವರಿಗಿ ಕರಿಯೋ ಹಬ್ಬ ಪಂಚಮಿ ಬಂತು, ಮಾವ ಬಾಗಲಕ್ಕ ಬಂದ.

ಹೋಗಂಗಿಲ್ಲ ಹೋಗಂಗಿಲ್ಲ ಅಂತಿದ್ದ ಅಕ್ಕ ಅವತ್ತು ಮುಂಜಾನಿಂದ ತಲಿ ಬಾಚಿ, ಹೂ ಮುಡದು ತಯಾರಾಗಿದ್ಳು. ಗಂಡ ಒಂದು ಮಾತು ಕರೆದಿದ್ರ ಹೊಂಟೇ ಬಿಡ್ತಿದ್ಳು.

ಅಂವ ಆಕಿ ಕಡಿ ಕಣ್ಣೆತ್ತಿನೂ ನೋಡ್ಲಿಲ್ಲ. ಸಿಟ್ಟೋ, ನಾಚಿಕಿನೋ... ದೇವರಿಗೇ ಗೊತ್ತು.

ಒಂದು ವರ್ಷನೂ ಪಂಚಮಿಗಿ ತವರು ತಪ್ಪಿಸಿದಾಕಿ ಅಲ್ಲ ನಮ್ಮವ್ವ. ಈಗ ತಮ್ಮನ ಸಂಗಾಟ ಹೋದ್ರ ಮಗಳನ್ನ ಕೈ ಬಿಟ್ಟಂಗ, ಹೋಗಲಿಲ್ಲಂದ್ರ ತವರಿನ ಬಾಗಲ ಹಾಕಿಕೊಂಡಂಗ.

ಕಡೀಗಿ ಅಂದ್ಳು: "ಪಂಚಮಿಗಿ ಮಗಳು ತವರಾಗ ಇರಬೇಕಪಾ. ನನ್ನ ಮಗಳ ತವರು ಇದೇ ಅದ. ಆಕಿಗಿ ಉಂಡಿ ಕಟ್ಟಿ ಕೊಡೋರು ಯಾರು? ನಿನ್ನ ಅಕ್ಕ ಬರಂಗಿಲ್ಲ ಅಂತ ಹೇಳು ಅವ್ವಗ."

ಮಾವ ತಿರುಗಿದ. ಆಗ ಅವ್ವ ಮತ್ತ ಕರದು, "ಇನ್ನೊಂದು ಹೇಳು. ನಿನ್ನ ಅತ್ತಿ ಕೇಳ್ಯಾಳ ಅಂತ ಹೇಳು, ಕೆನಿ ಗಡಗಿ ಯಾಕ ಮುಚ್ಚಿ ಇಟ್ಟೀರಿ ಅಂತ."

ಅವನಿಗಿ ಅಕ್ಕನೂ ನಮ್ಮವ್ವನೇ, ಅತ್ತಿನೂ ನಮ್ಮವ್ವನೇ. ಪಾಪ, ಮಾವ ಒಬ್ಬನೇ ಬಸ್‌ಸ್ಟ್ಯಾಂಡ್ ಕಡಿ ನಡೆದ.

ಆ ಪಂಚಮಿ ಯಾವ ವೈರಿಗೂ ಬ್ಯಾಡ. ಒಲಿ ಮುಂದ ಅವ್ವ ಅಳ್ತಾಳ, ಜೋಕಾಲಿ ಮ್ಯಾಲ ಅಕ್ಕ ಅಳ್ತಾಳ. ಅತ್ತಿದ್ದು ಇಬ್ಬರೂ ಒಂದೇ ಮನಿ ಸಲುವಾಗಿ!

ಯಾರ ಹಂತ್ಯಾಕ ಹೋಗಿ ಕುಂದ್ರಬೇಕು ಅಂತ ತಿಳೀದೆ ನಾ ಪಡಸಾಲಿಯಾಗ ಒಬ್ಬಾಕಿನೇ ಹಬ್ಬಕ್ಕ ಹುರಿದ ಜ್ವಾಳದ ಅಳ್ಳು ತಿನಕೋತ ಕುಂತೆ.

ಹಬ್ಬ ಆಗಿ ಮೂರ್ನಾಕು ದಿನಕ್ಕ ಬಾಗಲದಾಗ ಆಯಿ ನಿಂತಿದ್ಳು. ಒಬ್ಬಾಕಿನೇ. ಸೆರಗಿನಾಗ ಸುತ್ತಿದ ಗಡಗಿ ಒಂದು ಬಗಲಾಗ.

ಅಬಬಬಾ, ನಮಗೆಲ್ಲಾ ಗಾಬರಿ! ಸೊಸಿ ಮುನಿಸಿಕೊಂಡು ಹೋದ್ರ ಅತ್ತಿ ಆದಾಕಿ ಕರಿಯಾಕ ಬರೋದು ಅಂದ್ರ ಆಗಿನ ಕಾಲದಾಗ ಮಾನ ಹೋದಂಗ. ಆದ್ರ ಮೊಮ್ಮಗಳನ್ನ ನೋಡಾಕ ಆಯಿ ಬಂದ್ರ ಯಾರೇನು ಅಂತಾರ?

ಅಕ್ಕ ಬಾಗಲಕ್ಕ ಅಡ್ಡ ನಿಂತು ಕೇಳೇ ಬಿಟ್ಳು: "ಆಯಿ ಆಗಿ ಬಂದೀಯೋ, ಅತ್ತಿ ಆಗಿ ಬಂದೀಯೋ?"

ಆಯಿ ಗಡಗಿ ಆಕಿ ಕೈಯಾಗ ಇಟ್ಟು, "ಮೊದಲ ಒಂದು ರೊಟ್ಟಿ ಹಾಕು, ಹಸದು ಬಂದೀನಿ. ಆಮ್ಯಾಲ ಹೇಳ್ತೀನಿ" ಅಂದ್ಳು.

ಅವತ್ತು ಅಕ್ಕ, ಅವ್ವ, ಆಯಿ ಮೂವರೂ ಒಂದೇ ಗಂಗಾಳದಾಗ ರೊಟ್ಟಿ ಕೆನಿ ಉಂಡ್ರು. ಮರುದಿನ ಮೂವರೂ ಆಡಕಿಗಿ ಹೋದ್ರು. ಯಾರು ಯಾರನ್ನ ಕರಕೊಂಡು ಹೋದ್ರು ಅಂತ ಮಾತ್ರ ನನ್ನ ಕೇಳಬ್ಯಾಡ್ರಿ.

ಇದೆಲ್ಲಾ ಈಗ ಯಾಕ ನೆನಪಾತಂದ್ರ, ಅಕ್ಕನ ಮೊಮ್ಮಗಳು ಸೇಡಂ ಕಾಲೇಜಿನಾಗ ಸೋಶಿಯಾಲಜಿ ಓದ್ತಾಳ. ಮೊನ್ನೆ ಫೋನ್ ಮಾಡಿ, "ಫ್ಯಾಮಿಲಿಯಾಗ ಒಬ್ಬೊಬ್ಬರಿಗೆ ಒಂದೊಂದು ರೋಲ್ ಇರ್ತದ, ಅದನ್ನ ಸರಿಯಾಗಿ ಮಾಡಿದ್ರ ಸೊಸೈಟಿ ನಡೀತದ, ಹೌದಿಲ್ಲಜ್ಜಿ?" ಅಂದ್ಳು.

ಹೂಂ ಅಂದೆ. ಆಮ್ಯಾಲ ಅಲ್ಲ ಅನಿಸ್ತು. ಮತ್ತ ಹೌದೇನೋ ಅನಿಸ್ತು... ನಿದ್ದಿ ಹಾಳಾತು.

ಅಕ್ಕನ ಆ ಪ್ರಶ್ನೆಗೆ ಆಯಿ ಸಾಯೋತನಕ ಉತ್ತರ ಕೊಡ್ಲಿಲ್ಲ. ಅಕ್ಕ ಮತ್ತೊಮ್ಮೆ ಕೇಳಲೂ ಇಲ್ಲ.

ನೀವೇ ಹೇಳ್ರಿ, ಆ ಗಡಗಿ ತಂದಾಕಿ ಯಾರು... ಆಯಿನೋ, ಅತ್ತಿನೋ?